ಮೊಳಕಾಲ್ಮೂರಿಗೆ ಬಂದ 120 ವೋಲ್ಟ್

ಅಕ್ಕ ಕಳೆದ ಸಲ ಅಮೆರಿಕದಿಂದ ಬಂದಾಗ ಸೂಟ್‌ಕೇಸಿನಲ್ಲಿ ಚಾಕಲೇಟಿಗೆ ಜಾಗವೇ ಇರಲಿಲ್ಲ. ಅರ್ಧ ಪೆಟ್ಟಿಗೆಯನ್ನ ಒಂದು ಕಸ ಗುಡಿಸೋ ರೋಬೋ ತಿಂದುಬಿಟ್ಟಿತ್ತು. ಕಾರಣ ಅಮ್ಮನ ಮಂಡಿನೋವು. "ಮೊಳಕಾಲ್ಮೂರಿನವರಿಗೆ ಮೊಳಕಾಲು ನೋಯದೆ ಇನ್ನೇನು ನೋಯುತ್ತೆ" ಅಂತ ಅಮ್ಮ ನಗಾಡ್ತಾಳೆ ನಿಜ, ಆದರೆ ಬೆಳಗ್ಗೆ ಪೊರಕೆ ಹಿಡಿದು ಬಗ್ಗುವಾಗ ಗೋಡೆ ಹಿಡ್ಕೊಳ್ತಾಳೆ. ನಮ್ಮದು ಮಗ್ಗದ ಮನೆ. ರೇಷ್ಮೆ ಸೀರೆ ಮಗ್ಗದ ಮೇಲಿದ್ದಾಗ ಧೂಳು ಏಳಬಾರದು, ಹಾಗಂತ ಗುಡಿಸದೇ ಇರೋ ಹಾಗೂ ಇಲ್ಲ.

ರೋಬೋ ಜೊತೆ ಒಂದು ಎತ್ತರದ ಡಾಕ್ ಕೂಡ ಬಂದಿತ್ತು. ರೋಬೋ ಕೆಲಸ ಮುಗಿಸಿ ಅಲ್ಲಿಗೆ ವಾಪಸ್ ಹೋದರೆ ಅದು ಚಾರ್ಜ್ ಮಾಡುತ್ತೆ, ಹೊಟ್ಟೆಯೊಳಗಿನ ಕಸವನ್ನೂ ತಾನೇ ಎಳ್ಕೊಳ್ಳುತ್ತೆ. ಅಮೆರಿಕದ ಚಪ್ಪಟೆ ಪಿನ್ನಿಗೆ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ಕನ್ವರ್ಟರ್ ತಂದು ಹಾಕಿದೆ. ಸ್ವಿಚ್ ಒತ್ತಿದೆ. ಡಪ್! ಸುಟ್ಟ ವಾಸನೆ. ಅಮ್ಮ ಮಗ್ಗದ ಕಡೆಯಿಂದ ಕೇಳಿದ್ಲು, "ಏನ್ಲಾ ಅದು, ಕಸ ಹೊಡೀತಾ?"

ತಪ್ಪು ಯಂತ್ರದ್ದಲ್ಲ, ನನ್ನದು. ಐಟಿ ಕಂಪನಿಯಲ್ಲಿ ಕೆಲಸ ಮಾಡೋ ನಾನು ಡಾಕಿನ ಹಿಂದಿದ್ದ ಒಂದು ಸಾಲನ್ನ ಓದಿರಲಿಲ್ಲ: 120 ವೋಲ್ಟ್, 60 ಹರ್ಟ್ಜ್. ನಾನು ತಂದಿದ್ದ ಕನ್ವರ್ಟರ್ ಪಿನ್ನಿನ ಆಕಾರ ಬದಲಿಸುತ್ತೆ, ವೋಲ್ಟೇಜ್ ಬದಲಿಸಲ್ಲ. ನಮ್ಮ ಗೋಡೆಯಲ್ಲಿರೋದು 230.

ಈ 120 ಮತ್ತು 230ರ ಜಗಳ ಎಲ್ಲಿಂದ ಶುರುವಾಯ್ತು ಗೊತ್ತಾ? 1882ರಲ್ಲಿ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ವಿದ್ಯುತ್ ಕೇಂದ್ರ ತೆರೆದಾಗ ಅವನ ಕಾರ್ಬನ್ ಎಳೆಯ ಬಲ್ಬಿಗೆ ಹೊಂದಿದ್ದು ನೂರು ವೋಲ್ಟಿನ ಆಸುಪಾಸು. ಊರೆಲ್ಲಾ ಅದೇ ಬಲ್ಬು ಹಾಕಿಕೊಂಡ ಮೇಲೆ ಅಮೆರಿಕ ಅಲ್ಲೇ ನಿಂತಿತು. ಯುರೋಪ್ ಬೇರೆ ಲೆಕ್ಕ ಹಾಕಿತು. ವೋಲ್ಟೇಜ್ ಎರಡು ಪಟ್ಟಾದರೆ ಅಷ್ಟೇ ಶಕ್ತಿಗೆ ಅರ್ಧ ಕರೆಂಟು ಸಾಕು. ನಷ್ಟ ಅಷ್ಟೇ ಇರಲಿ ಅಂದ್ರೆ ತಂತಿಯ ತಾಮ್ರ ಕಾಲು ಭಾಗ ಸಾಕು. ಬರ್ಲಿನ್ನಿನ ವಿದ್ಯುತ್ ಕಂಪನಿ 1899ರಲ್ಲಿ 110ನ್ನ 220ಕ್ಕೆ ಏರಿಸಿತು. ಗ್ರಾಹಕರ ಬಲ್ಬು, ಮೋಟರು ಬದಲಿಸೋ ಖರ್ಚನ್ನೂ ತಾನೇ ಹೊತ್ತುಕೊಂಡಿತು, ಯಾಕಂದ್ರೆ ತಾಮ್ರದಲ್ಲಿ ಉಳಿಯೋ ಹಣ ಅದಕ್ಕಿಂತ ಜಾಸ್ತಿ. ನಾವು ಬ್ರಿಟಿಷರ ದಾರಿ ಹಿಡಿದು ಈ ಹೆಚ್ಚು ವೋಲ್ಟಿನ ಗುಂಪಿಗೆ ಸೇರಿದ್ವಿ. ನಮ್ಮ ದುಂಡು ಕಾಲಿನ ಮೂರು ಪಿನ್ ಪ್ಲಗ್ ಕೂಡ ಅವರದೇ. ಅವರು ಆಮೇಲೆ ಚೌಕ ಪಿನ್ನಿಗೆ ಹೋದರು, ನಾವು ದುಂಡು ಪಿನ್ನನ್ನೇ ಇಟ್ಕೊಂಡ್ವಿ.

ಸುಟ್ಟ ಡಾಕ್ ಎತ್ತಿಕೊಂಡು ನಾನು ಹೋಗಿದ್ದು ಚಳ್ಳಕೆರೆಗೆ, ಒಂದು ಮೋಟರ್ ರೀವೈಂಡಿಂಗ್ ಅಂಗಡಿಗೆ. ಶೇಂಗಾ ಎಣ್ಣೆ ಮಿಲ್ಲುಗಳ ಊರು ಅದು. ಸುತ್ತ ಬೋರ್‌ವೆಲ್ ನಂಬಿದ ಹೊಲ. ಸುಟ್ಟ ಪಂಪ್‌ಸೆಟ್ ಮೋಟರಿಗೆ ತಾಮ್ರ ಸುತ್ತೋ ಕೈಗಳಿಗೆ ಅಲ್ಲಿ ಬಿಡುವೇ ಇರಲ್ಲ. ಅಂಗಡಿಯ ಅಣ್ಣ ಡಾಕ್ ಬಿಚ್ಚಿ, ನಾಣ್ಯದಂಥ ಒಂದು ಬಿಲ್ಲೆ ತೋರಿಸಿದ್ರು. ವೇರಿಸ್ಟರ್. ವೋಲ್ಟೇಜ್ ಮಿತಿ ಮೀರಿದ್ರೆ ಅದು ತಾನು ಸತ್ತು, ಫ್ಯೂಸ್ ಹಾರಿಸಿ, ಉಳಿದದ್ದನ್ನ ಕಾಯುತ್ತೆ. "ಮೋಟರ್ ಚೆನ್ನಾಗೈತೆ ಕಣಪ್ಪ. ಮಷೀನ್ ಕೆಟ್ಟಿಲ್ಲ, ಊರು ಬದಲಾಗೈತೆ ಅಷ್ಟೆ" ಅಂದ್ರು.

ನನಗೆ ಒಂದು ಅನುಮಾನ ಇತ್ತು. ನನ್ನ ಲ್ಯಾಪ್‌ಟಾಪ್, ಫೋನ್ ಚಾರ್ಜರ್ ಎಲ್ಲಾ ಯಾವ ದೇಶಕ್ಕೆ ಹೋದ್ರೂ ನಡೆಯುತ್ವಲ್ಲ, ಇದಕ್ಕೇನು ರೋಗ? ಉತ್ತರ ರೋಬೋಗಳ ಚರಿತ್ರೆಯಲ್ಲೇ ಇದೆ. 2002ರಲ್ಲಿ ಅಮೆರಿಕದ ಐರೋಬೋಟ್ ಕಂಪನಿ ರೂಂಬಾ ತಂದಾಗ ಅಲ್ಲಿನ ಚಾರ್ಜರ್ ಅಲ್ಲಿನ ವೋಲ್ಟೇಜಿಗೇ ಮಾಡಿದ್ದು. ಆಮೇಲೆ ಎಲ್ಲಾ ಕಡೆ ಎಸ್‌ಎಂಪಿಎಸ್ ಚಾರ್ಜರುಗಳು ಬಂದ್ವು. ಇವು ಬಂದ ಕರೆಂಟನ್ನ ಮೊದಲು ಡಿಸಿ ಮಾಡಿ, ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ, ಬೇಕಾದಷ್ಟನ್ನೇ ಬ್ಯಾಟರಿಗೆ ಕೊಡುತ್ತವೆ. 100 ಬರಲಿ, 240 ಬರಲಿ, ಅವಕ್ಕೆ ಎರಡೂ ಒಂದೇ. ರೋಬೋ ಲೋಕದ ವೋಲ್ಟೇಜ್ ಸಮಸ್ಯೆ ಮುಗೀತು ಅನ್ನೋ ಹೊತ್ತಿಗೆ, 2018ರಲ್ಲಿ ರೂಂಬಾ ಐ7 ಪ್ಲಸ್ ಜೊತೆ ಕಸ ತಾನೇ ಎಳೆಯೋ ಡಾಕ್ ಬಂತು. ಬೇರೆ ಕಂಪನಿಗಳೂ ಅದೇ ದಾರಿ ಹಿಡಿದ್ವು. ಆ ಡಾಕಿನೊಳಗೆ ದೊಡ್ಡ ವ್ಯಾಕ್ಯೂಮ್ ಮೋಟರ್ ಇರುತ್ತೆ, ಅದು ನೇರವಾಗಿ ಗೋಡೆಯ ಕರೆಂಟಿನಲ್ಲೇ ಓಡುತ್ತೆ. ಹಾಗಾಗಿ ಒಂದೊಂದು ದೇಶಕ್ಕೆ ಒಂದೊಂದು ಡಾಕ್. ಹೊಸ ಸೌಲಭ್ಯದ ಬೆನ್ನಲ್ಲೇ ಹಳೇ ಜಗಳ ವಾಪಸ್ ಬಂತು.

ಅಣ್ಣ ಹೇಳಿದ ದಾರಿ ಹಳೇದು: ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್. ಕಬ್ಬಿಣದ ತಗಡಿನ ಮೇಲೆ ತಾಮ್ರದ ಎರಡು ಬೇರೆ ಬೇರೆ ಸುತ್ತು, ಒಂದರಲ್ಲಿ 230 ಹಾಕಿದ್ರೆ ಇನ್ನೊಂದರಲ್ಲಿ 120 ಬರಬೇಕು. ಮೋಟರ್ ಓಡೋದು ಕೆಲವೇ ಸೆಕೆಂಡು, ಆದರೆ ಆಗ ಎಳೆಯೋ ಕರೆಂಟು ಜೋರು. ಅದಕ್ಕೇ ಒಂದೂವರೆ ಕೆವಿಎ ಇರಲಿ ಅಂದ್ರು. ಆಮೇಲೆ ಕೇಳಿದ್ರು, "ನಿಮ್ಮೂರಾಗೆ ಪಂಪ್‌ಸೆಟ್ ಹೊತ್ನಾಗೆ ಎಷ್ಟು ಬರ್ತೈತೆ?" ನಾನು ತಬ್ಬಿಬ್ಬಾದೆ. 230 ಅನ್ನೋದು ಪುಸ್ತಕದ ಲೆಕ್ಕ. ಸುತ್ತಲಿನ ಹೊಲಗಳಲ್ಲಿ ಮೋಟರ್‌ಗಳು ಒಟ್ಟಿಗೆ ಶುರುವಾದಾಗ ಮನೆಯ ಮೀಟರಿನಲ್ಲಿ 190 ಕಂಡಿದ್ದುಂಟು. ಅಷ್ಟು ಬಂದ್ರೆ ಟ್ರಾನ್ಸ್‌ಫಾರ್ಮರ್ ಆಚೆ ಕಡೆ ಕೊಡೋದು ಸುಮಾರು 99. ಅದಕ್ಕೆ ಅವರು ಸುತ್ತಿನಲ್ಲಿ ಇನ್ನೊಂದು ಟ್ಯಾಪಿಂಗ್ ಬಿಟ್ಟರು, ವೋಲ್ಟೇಜ್ ಕುಸಿದಾಗ ಸ್ವಿಚ್ ಆ ಕಡೆ ತಿರುಗಿಸಿದ್ರೆ ಆಯ್ತು. ಅಮೆರಿಕದ ಯಂತ್ರವನ್ನ ಭಾರತಕ್ಕೆ ಹೊಂದಿಸೋದು ಒಂದು ಕೆಲಸ, ಮೊಳಕಾಲ್ಮೂರಿಗೆ ಹೊಂದಿಸೋದು ಇನ್ನೊಂದು.

ಬಸ್ಸಲ್ಲಿ ವಾಪಸ್ ಬರ್ತಾ ಅನ್ನಿಸಿದ್ದು ಇಷ್ಟು: ಕನ್ನಡ ನಾಡಿನ ಕರೆಂಟಿನ ಕಥೆ ಶುರುವಾಗೋದೇ ಹೀಗೆ ಹೊರಗಿನ ಯಂತ್ರವನ್ನ ಇಲ್ಲಿಗೆ ಹೊಂದಿಸೋದರಿಂದ. ಶಿವನಸಮುದ್ರ ನೆನಪಿಸಿಕೊಳ್ಳಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಯೋಜನೆ, ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್. ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯದು, ಜನರೇಟರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು. ಆ ಭಾರೀ ಯಂತ್ರಗಳನ್ನ ಗಾಡಿ ಕಟ್ಟಿ, ಎತ್ತು ಆನೆಗಳಿಂದ ಎಳೆಸಿ ತಂದರು. 1902ರಲ್ಲಿ ಕಾವೇರಿಯ ಕರೆಂಟು ಸುಮಾರು 147 ಕಿಲೋಮೀಟರ್ ಹರಿದು ಕೋಲಾರದ ಚಿನ್ನದ ಗಣಿ ಮುಟ್ಟಿತು. ಆ ಕಾಲಕ್ಕೆ ಲೋಕದಲ್ಲೇ ಅತಿ ಉದ್ದದ ಲೈನುಗಳಲ್ಲಿ ಅದೊಂದು. ಬೆಂಗಳೂರಿಗೆ ದೀಪ ಬಂದಿದ್ದು ಆಮೇಲೆ, 1905ರಲ್ಲಿ. ಮೊದಲ ಗ್ರಾಹಕ ಗಣಿ.

ಆ ಕರೆಂಟು 25 ಹರ್ಟ್ಜಿನದು. ನಯಾಗರಾದಲ್ಲೂ ಅದೇ ಇತ್ತು. ನಿಧಾನಕ್ಕೆ ತಿರುಗೋ ದೊಡ್ಡ ಮೋಟರುಗಳಿಗೆ ಅದು ಹಿತ. ಬಲ್ಬಿಗೆ ಅಲ್ಲ, ಬೆಳಕು ಮಿನುಗೋದು ಕಣ್ಣಿಗೆ ಕಾಣುತ್ತೆ. 1940ರ ದಶಕದ ಕೊನೆಗೆ ಜೋಗದ ಕರೆಂಟು ಬಂದಾಗ ಅದು 50 ಹರ್ಟ್ಜ್. ಇವೆರಡನ್ನ ನೇರವಾಗಿ ಒಂದೇ ತಂತಿಗೆ ಕಟ್ಟೋಕಾಗಲ್ಲ, ನಡುವೆ ಫ್ರೀಕ್ವೆನ್ಸಿ ಬದಲಿಸೋ ಯಂತ್ರವೇ ಬೇಕು. ಒಂದು ಕಡೆಗೆ ಮಾಡಿದ ಮೋಟರು ಇನ್ನೊಂದು ಕಡೆ ತನ್ನ ವೇಗದಲ್ಲಿ ಓಡಲ್ಲ. ಒಂದೇ ರಾಜ್ಯದೊಳಗೆ ನನ್ನ ಡಾಕಿನ ಗತಿ! ಗಣಿಗೆ ಏನು ಬೇಕೋ ಅದನ್ನ ನೋಡಿ ತಂದಿದ್ದು ಮನೆಗೂ ಬಂತು. ಮನೆಯವರನ್ನ ಯಾರೂ ಕೇಳಿರಲಿಲ್ಲ.

ವಾರದ ಮೇಲೆ ಟ್ರಾನ್ಸ್‌ಫಾರ್ಮರ್ ಬಂತು. ರೋಬೋಗಿಂತ ನಾಲ್ಕು ಪಟ್ಟು ತೂಕ, ಎತ್ತೋಕೆ ಎರಡು ಕೈ ಸಾಲದು. ಕಬ್ಬಿಣ ಸಣ್ಣಗೆ ಗುಂಯ್ ಅಂತು, ಡಾಕಿನ ದೀಪ ಹತ್ತಿತು. ರೋಬೋ ಮಗ್ಗದ ಗುಂಡಿಯ ಅಂಚಿಗೆ ಹೋಗಿ, ಹೆದರಿದ ಮಗುವಿನ ಹಾಗೆ ಹಿಂದೆ ಸರಿದು, ಮನೆಯೆಲ್ಲಾ ಸುತ್ತಿ ವಾಪಸ್ ಬಂತು. ಡಾಕ್ ಜೋರಾಗಿ ಕಿರುಚಿ ಕಸ ಎಳ್ಕೊಂಡಿತು. ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಗೆದ್ದೆ ಅನ್ಕೊಂಡೆ.

ಮುಂದಿನ ತಿಂಗಳು ಊರಿಗೆ ಹೋದಾಗ ಡಾಕ್ ಅಟ್ಟ ಸೇರಿತ್ತು. ರೋಬೋ ಮಾತ್ರ ನಡುಮನೆಯಲ್ಲಿ ಆರಾಮಾಗಿ ಓಡಾಡ್ತಿತ್ತು. ಅಕ್ಕ ಯಾರದೋ ಕೈಲಿ ಬರೀ ಚಾರ್ಜ್ ಮಾಡೋ ಸಣ್ಣ ಸ್ಟ್ಯಾಂಡ್ ಕಳಿಸಿದ್ಲಂತೆ. 100ರಿಂದ 240, ಎಲ್ಲಾ ಕಡೆ ನಡೆಯೋ ಅಂಥದ್ದು. "ಅದ್ಯಾಕಮ್ಮ, ಅಷ್ಟು ಕಷ್ಟಪಟ್ಟು ಮಾಡಿಸಿದ್ನಲ್ಲ?" ಅಂದೆ.

ಅಮ್ಮ ರೋಬೋ ಹೊಟ್ಟೆಯ ಡಬ್ಬಿ ಎಳೆದು, ಹಳೇ ಪೇಪರ್ ಮೇಲೆ ಸುರಿದಳು. ಧೂಳಿನ ನಡುವೆ ರೇಷ್ಮೆ ಎಳೆ, ಬೆಳ್ಳಗೆ ಮಿನುಗೋ ಜರಿಯ ತುಂಡು. ಒಂದೊಂದೇ ಹೆಕ್ಕಿ ಬಟ್ಟಲಿಗೆ ಹಾಕಿದಳು. "ಅದು ಎಲ್ಲಾನೂ ನುಂಗಿಬಿಡ್ತೈತೆ ಕಣೋ. ಜರಿ ಯಾವುದು, ಧೂಳು ಯಾವುದು ಅಂತ ಅದಕ್ಕೇನು ಗೊತ್ತು?"

ಕುರ್ಚಿ ಮೇಲೆ ಕೂತೇ ಹೆಕ್ಕುತ್ತಿದ್ದಳು, ಬಗ್ಗಿರಲಿಲ್ಲ. ಮಂಡಿಗೆ ಬೇಕಿದ್ದದ್ದು ಇಷ್ಟೇ. ಪಿನ್ನು, ವೋಲ್ಟು, ಪಂಪ್‌ಸೆಟ್ ಹೊತ್ತು ಎಲ್ಲಾ ಲೆಕ್ಕ ಹಾಕಿದ್ದ ನಾನು ಅವಳನ್ನ ಒಂದು ಮಾತು ಕೇಳಿರಲಿಲ್ಲ.

ಟ್ರಾನ್ಸ್‌ಫಾರ್ಮರ್ ಎಲ್ಲಿದೆ ಅಂದ್ರಾ? ಹಿತ್ತಿಲ ಬಾಗಿಲು ಗಾಳಿಗೆ ಬಡ್ಕೊಳ್ಳದ ಹಾಗೆ ಅಡ್ಡ ಇಟ್ಟಿದ್ದಾಳೆ. ಅಕ್ಕ ಬಂದಾಗ ಅವಳ ಅಮೆರಿಕದ ಕಾಫಿ ಮೆಷೀನಿಗೆ ಬೇಕಾಗುತ್ತೆ, ಅಲ್ಲೀವರೆಗೆ ಅಲ್ಲಿರಲಿ ಅಂತೆ.