ಉತ್ತರಿಸುವ ಯಂತ್ರಗಳು: ಅರುವತ್ತು ವರ್ಷಗಳ ನಡೆ

ಶಿವನಸಮುದ್ರದ ಜಲವಿದ್ಯುತ್ತಿನ ವಿಷಯವಾಗಿ ಸಾವಕಾಶದಿಂದ ಓದಿ ತಿಳಿಯಬೇಕೆಂಬವನ ಅಪೇಕ್ಷೆ ಒಂದು ಬಗೆಯದು. ಆ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ್ದು ಯಾವ ವರ್ಷದಲ್ಲಿ ಎಂದು ಕೇಳುವವನ ಅಪೇಕ್ಷೆ ಇನ್ನೊಂದು ಬಗೆಯದು. ಮೊದಲನೆಯವನ ಮುಂದೆ ನಾಲ್ಕು ಗ್ರಂಥಗಳನ್ನಿರಿಸಿದರೆ ಅವನು ಸಂತುಷ್ಟನಾದಾನು. ಎರಡನೆಯವನಿಗೆ ಬೇಕಾದುದು 1902 ಎಂಬ ಸಂಖ್ಯೆಯೊಂದೇ, ಮತ್ತು ಆ ಸಂಖ್ಯೆ ಸರಿಯಾದುದೆಂಬ ಭರವಸೆ. ಇಂದು ಗೂಗಲ್ ಮೊದಲಾದ ಶೋಧಯಂತ್ರಗಳ ಬಳಿಗೆ ಈ ಇಬ್ಬರೂ ಬಂದು ಒಂದೇ ಸಣ್ಣ ಚೌಕದಲ್ಲಿ ತಮ್ಮ ಮಾತನ್ನು ಬರೆಯುತ್ತಾರಾದುದರಿಂದ, ಇಬ್ಬರಿಗೂ ಉತ್ತರಕೊಡುವ ವಿದ್ಯೆ ಒಂದೇ ಎಂದು ತೋರುವುದು ಸಹಜ. ವಸ್ತುತಃ ಅವು ಎರಡು ವಿದ್ಯೆಗಳು. ಬೇರೆ ಬೇರೆ ಕೈಗಳಲ್ಲಿ ಹುಟ್ಟಿ, ಬಹುಕಾಲ ಒಂದರ ಮುಖವನ್ನೊಂದು ನೋಡದೆ ಬೆಳೆದು, ಈಚೆಗಷ್ಟೆ ಒಂದೇ ಮನೆಯಲ್ಲಿ ವಾಸಕ್ಕೆ ಬಂದ ದಾಯಾದಿಗಳಂತಿರುವುವು.

ನೇರ ಪ್ರಶ್ನೆಗೆ ನೇರ ಉತ್ತರವೆಂಬ ವಿದ್ಯೆಯ ಮೊದಲ ಪ್ರಸಿದ್ಧ ಪ್ರಯೋಗ 1961ರದು. ಅಮೆರಿಕದ ಬರ್ಟ್ ಗ್ರೀನ್ ಮತ್ತು ಸಂಗಡಿಗರು ರಚಿಸಿದ ‘ಬೇಸ್‌ಬಾಲ್’ ಎಂಬ ಆ ಕ್ರಮವಿಧಿಯು ಒಂದು ವರ್ಷದ ಅಮೆರಿಕನ್ ಲೀಗ್ ಪಂದ್ಯಗಳ ತಿಥಿ, ಸ್ಥಳ, ತಂಡ, ಫಲಿತಾಂಶಗಳನ್ನು ಒಳಗಿಟ್ಟುಕೊಂಡು, ಜುಲೈ 7ರಂದು ರೆಡ್ ಸಾಕ್ಸ್ ತಂಡ ಎಲ್ಲಿ ಆಡಿತು ಎಂಬಂಥ ಇಂಗ್ಲಿಷ್ ಪ್ರಶ್ನೆಗಳನ್ನು ರಂಧ್ರಪತ್ರಗಳ ಮೂಲಕ ಗ್ರಹಿಸಿ ಉತ್ತರ ಹೇಳುತ್ತಿತ್ತು. ಹತ್ತು ವರ್ಷಗಳ ತರುವಾಯ ವಿಲಿಯಂ ವುಡ್ಸ್ ಎಂಬ ಪಂಡಿತನು ನಿರ್ಮಿಸಿದ ‘ಲೂನಾರ್’ ಇದಕ್ಕಿಂತ ಗಂಭೀರವಾದ ಉದ್ಯಮ. ಅಪೊಲೊ ಯಾತ್ರಿಕರು ಚಂದ್ರನಿಂದ ತಂದ ಶಿಲೆಗಳ ರಾಸಾಯನಿಕ ವಿಶ್ಲೇಷಣೆಯೇ ಅದರ ಭಂಡಾರ. ಕ್ಷಾರಾಂಶ ಅಧಿಕವಾಗಿರುವ ಶಿಲೆಗಳಲ್ಲಿ ಅಲ್ಯೂಮಿನಿಯಮ್ಮಿನ ಸರಾಸರಿ ಪ್ರಮಾಣವೆಷ್ಟೆಂದು ಭೂವಿಜ್ಞಾನಿಯೊಬ್ಬನು ತನ್ನ ಸಹಜವಾದ ಭಾಷೆಯಲ್ಲಿಯೇ ಕೇಳಬಹುದಾಗಿತ್ತು. 1971ರಲ್ಲಿ ಹ್ಯೂಸ್ಟನ್ನಿನ ಚಾಂದ್ರವಿಜ್ಞಾನ ಸಮ್ಮೇಳನದಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಾಗ, ಅದರ ಕ್ಷೇತ್ರಕ್ಕೆ ಸೇರಿದ ಪ್ರಶ್ನೆಗಳಲ್ಲಿ ನೂರಕ್ಕೆ 78ನ್ನು ಉತ್ತರಿಸಿತೆಂದೂ, ಸಣ್ಣಪುಟ್ಟ ದೋಷಗಳನ್ನು ತಿದ್ದಿದ ಮೇಲೆ ಆ ಪ್ರಮಾಣ 90ಕ್ಕೆ ಏರಿತೆಂದೂ ದಾಖಲೆಯುಂಟು. ಇಂದಿನ ಕಣ್ಣಿಗೂ ಇದು ಅಲ್ಪವೇನಲ್ಲ. ಆದರೆ ಚಂದ್ರಶಿಲೆಯನ್ನು ಬಿಟ್ಟು ಭೂಲೋಕದ ಯಾವ ಕಲ್ಲಿನ ಮಾತೆತ್ತಿದರೂ ಆ ಯಂತ್ರ ಮೂಕವಾಗುತ್ತಿತ್ತು. ತನ್ನ ಎಲ್ಲೆ ಎಲ್ಲಿ ಮುಗಿಯುವುದೆಂಬುದು ಅದರ ರಚನೆಯಲ್ಲಿಯೇ ಇತ್ತಾದ ಕಾರಣ, ಮೌನವು ಅದಕ್ಕೆ ಸುಲಭಸಾಧ್ಯವಾಗಿತ್ತು. ಮುಂದೆ ಬಂದ ಯಂತ್ರಗಳು ಕಳೆದುಕೊಂಡ ಗುಣ ಇದೇ ಎಂಬುದು ಈ ಲೇಖಕನ ಅಭಿಪ್ರಾಯ.

ಇನ್ನೊಂದು ವಿದ್ಯೆಯಾದ ಗ್ರಂಥಶೋಧನೆಯ ವಿಚಾರವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಕಾರ್ನೆಲ್ ವಿಶ್ವವಿದ್ಯಾಲಯದ ಜೆರಾರ್ಡ್ ಸಾಲ್ಟನ್ ಮತ್ತವನ ಶಿಷ್ಯವರ್ಗ, ಅಪೂರ್ವವಾದ ಪದಕ್ಕೆ ಹೆಚ್ಚಿನ ತೂಕ ಸಲ್ಲತಕ್ಕದ್ದೆಂದು 1972ರಲ್ಲಿ ಪ್ರತಿಪಾದಿಸಿದ ಕ್ಯಾರೆನ್ ಸ್ಪಾರ್ಕ್ ಜೋನ್ಸ್, ಇವರೆಲ್ಲ ಹಾಕಿದ ಅಡಿಪಾಯದ ಮೇಲೆಯೇ ತೊಂಬತ್ತರ ದಶಕದ ಆಲ್ಟಾವಿಸ್ಟಾ, ತರುವಾಯದ ಗೂಗಲ್ ಎದ್ದುನಿಂತದ್ದು. ಇವುಗಳಿಗೆ ಪ್ರಶ್ನೆಯೆಂದರೆ ಪದಗಳ ಒಂದು ಕಟ್ಟು. ‘ಯಾರು’, ‘ಎಂದು’, ‘ಎಷ್ಟು’ ಎಂಬ ಪ್ರಶ್ನಾರ್ಥಕಗಳೇ ಪ್ರಶ್ನೆಯ ಜೀವವಾಗಿದ್ದರೂ, ಎಲ್ಲ ಪತ್ರಗಳಲ್ಲಿಯೂ ಕಾಣುವ ಸಾಮಾನ್ಯ ಪದಗಳೆಂದು ಅವನ್ನೇ ಮೊದಲು ಕಿತ್ತೆಸೆಯುತ್ತಿದ್ದರು! ಈ ಕೊರತೆಯನ್ನು ತುಂಬುವ ಆಸೆಯಿಂದ 1997ರಲ್ಲಿ ‘ಆಸ್ಕ್ ಜೀವ್ಸ್’ ಎಂಬ ತಾಣ ತೆರೆಯಿತು. ವೋಡ್‌ಹೌಸನ ಕಥೆಗಳ ಚತುರ ಪರಿಚಾರಕನ ಹೆಸರೇ ಅದಕ್ಕೆ. ಪ್ರಶ್ನೆಗಳ ಮಾದರಿಗಳನ್ನೂ ಅವಕ್ಕೆ ತಕ್ಕ ಉತ್ತರಸ್ಥಾನಗಳನ್ನೂ ಸಂಪಾದಕರು ಕೈಯಾರೆ ಹೊಂದಿಸಿಡುತ್ತಿದ್ದುದರಿಂದ, ಕೇಳಿ ಹಳತಾದ ಪ್ರಶ್ನೆಗೆ ಆ ಪರಿಚಾರಕ ಸೊಗಸಾಗಿ ಉತ್ತರ ತರುತ್ತಿದ್ದನು, ಹೊಸತಾದರೆ ಅದರ ನೆರೆಮನೆಯ ಪ್ರಶ್ನೆಯೊಂದನ್ನು ಮುಂದೊಡ್ಡುತ್ತಿದ್ದನು. 2006ರಲ್ಲಿ ಅವನಿಗೆ ನಿವೃತ್ತಿಯಾಯಿತು.

ಅಳತೆಯಿಲ್ಲದ ವಿದ್ಯೆ ವಾದಕ್ಕೆ ಮಾತ್ರ ಯೋಗ್ಯ. ಆ ಅಳತೆಯನ್ನು ಒದಗಿಸಿದ್ದು ಅಮೆರಿಕದ ರಾಷ್ಟ್ರೀಯ ಮಾನಕಸಂಸ್ಥೆಯು ನಡೆಸುತ್ತಿರುವ ‘ಟ್ರೆಕ್’ ಎಂಬ ವಾರ್ಷಿಕ ಪರೀಕ್ಷೆ. ಎಲೆನ್ ವೂರ್ಹೀಸ್ ಎಂಬ ವಿದುಷಿಯ ನೇತೃತ್ವದಲ್ಲಿ 1999ರಲ್ಲಿ ಅದರೊಳಗೆ ಪ್ರಶ್ನೋತ್ತರ ವಿಭಾಗ ಆರಂಭವಾಯಿತು. ವೃತ್ತಪತ್ರಿಕೆಗಳಿಂದ ಆಯ್ದ ಐದು ಲಕ್ಷಕ್ಕೂ ಮಿಕ್ಕ ಲೇಖನಗಳು, ಇನ್ನೂರು ಪ್ರಶ್ನೆಗಳು. ಪ್ರತಿಯೊಂದಕ್ಕೂ ಐದು ಉತ್ತರಗಳನ್ನು ಯೋಗ್ಯತಾಕ್ರಮದಲ್ಲಿ ಕೊಡಬಹುದು, ಒಂದೊಂದೂ 50 ಅಥವಾ 250 ಅಕ್ಷರಗಳೊಳಗಿನ ತುಣುಕಾಗಿರಬೇಕು. ಮಾರ್ಗರೆಟ್ ಥ್ಯಾಚರಳ ಒಂದು ಜೀವನಚರಿತ್ರೆಯನ್ನು ಬರೆದವರು ಯಾರೆಂಬುದು ಮೊದಲನೆಯ ಪ್ರಶ್ನೆ. ಉತ್ತಮ ಯಂತ್ರಗಳು ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಿನ ಪ್ರಶ್ನೆಗಳಿಗೆ ಸರಿಯಾದ ಉತ್ತರವನ್ನು ಹುಡುಕಿಕೊಟ್ಟಾಗ ಎಲ್ಲರೂ ಅಚ್ಚರಿಪಟ್ಟರು. ಆದರೆ ಆ ಪ್ರಶ್ನೆಗಳಲ್ಲಿ ಹಲವನ್ನು ಲೇಖನಗಳನ್ನು ಎದುರಿಗಿಟ್ಟುಕೊಂಡೇ ರಚಿಸಿದ್ದುದರಿಂದ ಪ್ರಶ್ನೆಯ ಪದಗಳೂ ಉತ್ತರದ ಪದಗಳೂ ಒಂದೇ ಆಗಿದ್ದುವೆಂಬ ಗುಟ್ಟು ಬೇಗನೆ ಹೊರಬಿದ್ದು, ಮರುವರ್ಷದಿಂದ ಎನ್ಕಾರ್ಟಾ ಮತ್ತು ಎಕ್ಸೈಟ್‌ಗಳಲ್ಲಿ ಜನರು ನಿಜವಾಗಿ ಕೇಳಿದ್ದ ಪ್ರಶ್ನೆಗಳನ್ನು ತಂದರು. 2001ರಲ್ಲಿ ಇನ್ನೂ ಒಂದು ಹೆಜ್ಜೆ: ಭಂಡಾರದಲ್ಲಿ ಉತ್ತರವೇ ಇಲ್ಲದ ಕೆಲವು ಪ್ರಶ್ನೆಗಳನ್ನು ನಡುನಡುವೆ ಸೇರಿಸಿ, ಅಂಥ ಕಡೆ ‘ಇಲ್ಲ’ ಎಂದವರಿಗೆ ಅಂಕ ಕೊಟ್ಟರು. 2002ರಲ್ಲಿ ತುಣುಕುಗಳನ್ನು ನಿಷೇಧಿಸಿ, ಒಂದು ಪ್ರಶ್ನೆಗೆ ಒಂದೇ ಉತ್ತರ, ಅದೂ ಹೆಚ್ಚುಕಡಮೆಯಿಲ್ಲದೆ ಅಷ್ಟೇ, ಎಂದು ವಿಧಿಸಿದ್ದಲ್ಲದೆ, ಯಾವ ಉತ್ತರದಲ್ಲಿ ತಮಗೆ ಎಷ್ಟು ನಂಬಿಕೆಯೆಂಬುದನ್ನು ಕ್ರಮವಾಗಿ ಜೋಡಿಸಿ ಒಪ್ಪಿಸಬೇಕೆಂದರು. ಆ ವರ್ಷ ಟೆಕ್ಸಾಸಿನ ತಂಡವೊಂದು 500ರಲ್ಲಿ 415ನ್ನು ಗೆದ್ದುಕೊಂಡಿತು.

ಅದೇ ಕಾಲದಲ್ಲಿ ಮೈಕ್ರೊಸಾಫ್ಟಿನ ಮಿಷೆಲ್ ಬ್ಯಾಂಕೊ, ಎರಿಕ್ ಬ್ರಿಲ್, ಸೂಸನ್ ಡ್ಯೂಮೆ ಇವರು ವ್ಯಾಕರಣದ ಹಂಗನ್ನೇ ತೊರೆದ ಒಂದು ಉಪಾಯವನ್ನು ಹೂಡಿದರು. ಅಬ್ರಹಾಂ ಲಿಂಕನ್ನನನ್ನು ಕೊಂದವರು ಯಾರೆಂಬ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಒಂದು ಪುಟದಲ್ಲಿ, ಬೂತ್ ಎಂಬವನ ಗುಂಡು ಚರಿತ್ರೆಯ ಗತಿಯನ್ನು ಬದಲಿಸಿತೆಂದು ಅಲಂಕಾರವಾಗಿ ಬರೆದಿರಬಹುದು. ಅದರಿಂದ ಉತ್ತರವನ್ನು ಹಿಂಜಿ ತೆಗೆಯುವುದು ಯಂತ್ರಕ್ಕೆ ಕಷ್ಟ. ಆದರೆ ಅಂತರ್ಜಾಲದ ಕೋಟ್ಯಂತರ ಪುಟಗಳಲ್ಲಿ ಎಲ್ಲಿಯೋ ಒಬ್ಬನು ‘ಲಿಂಕನ್ನನನ್ನು ಕೊಂದವನು ಜಾನ್ ವಿಲ್ಕ್ಸ್ ಬೂತ್’ ಎಂದು ನೇರವಾಗಿ ಬರೆದೇ ಇರುತ್ತಾನೆ. ಆದುದರಿಂದ ಪ್ರಶ್ನೆಯನ್ನೇ ಉತ್ತರದ ಆಕಾರಕ್ಕೆ ತಿರುಚಿ ಹುಡುಕಿ, ಬಂದ ತುಣುಕುಗಳಲ್ಲಿ ಅತ್ಯಧಿಕವಾಗಿ ಕಾಣಿಸಿಕೊಂಡ ಹೆಸರನ್ನು ಎಣಿಸಿ ಹೇಳಿದರಾಯಿತು. ಈ ಸರಳ ವಿಧಾನವು ಮಹಾಪಂಡಿತ ಯಂತ್ರಗಳಿಗೆ ಸರಿಸಮನಾಗಿ ನಿಂತುದು ಪಂಡಿತರಿಗೆ ತುಸು ಮುಜುಗರವನ್ನುಂಟುಮಾಡಿರಬೇಕು. ಆದರೂ ಬಹುಜನರು ಬರೆದುದೇ ಸತ್ಯವೆಂಬ ಒಂದು ಊಹೆ ಅಂದೇ ಸದ್ದಿಲ್ಲದೆ ಒಳಹೊಕ್ಕಿತೆಂಬುದನ್ನು ಮರೆಯಲಾಗದು.

2011ರ ಫೆಬ್ರವರಿಯಲ್ಲಿ ಐಬಿಎಮ್ಮಿನ ‘ವಾಟ್ಸನ್’ ಅಮೆರಿಕದ ದೂರದರ್ಶನದ ‘ಜೆಪರ್ಡಿ’ ಸ್ಪರ್ಧೆಯಲ್ಲಿ ಕೆನ್ ಜೆನ್ನಿಂಗ್ಸ್, ಬ್ರ್ಯಾಡ್ ರಟರ್ ಎಂಬ ಇಬ್ಬರು ದಿಗ್ಗಜರನ್ನು ಸೋಲಿಸಿದುದು ಜಗತ್ಪ್ರಸಿದ್ಧ. ಆ ಗೆಲುವಿಗಿಂತ ನಡುವಣ ಒಂದು ತಪ್ಪು ಹೆಚ್ಚು ಬೋಧಪ್ರದವಾದುದು. ಅಮೆರಿಕದ ನಗರಗಳೆಂಬ ಶೀರ್ಷಿಕೆಯ ಕೆಳಗೆ, ಯಾವ ನಗರದ ಅತಿ ದೊಡ್ಡ ವಿಮಾನನಿಲ್ದಾಣಕ್ಕೆ ಎರಡನೆಯ ಮಹಾಯುದ್ಧದ ವೀರನೊಬ್ಬನ ಹೆಸರೂ ಎರಡನೆಯದಕ್ಕೆ ಅದೇ ಯುದ್ಧದ ಒಂದು ಕದನದ ಹೆಸರೂ ಇದೆಯೆಂದು ಕೇಳಲಾಗಿತ್ತು. ಷಿಕಾಗೊ ಎನ್ನಬೇಕಾಗಿದ್ದಲ್ಲಿ ವಾಟ್ಸನ್ ಕೆನಡಾ ದೇಶದ ಟೊರಾಂಟೊ ಎಂದಿತು. ನೋಡಿದವರು ನಕ್ಕರು. ಆದರೆ ಆ ಹೆಸರಿನ ಮುಂದೆ ಐದು ಪ್ರಶ್ನಾರ್ಥಕ ಚಿಹ್ನೆಗಳಿದ್ದುವು, ಪಣವಾಗಿ ಒಡ್ಡಿದ್ದ ಹಣ ಬರಿಯ 947 ಡಾಲರು! ಮಿಕ್ಕ ಸುತ್ತುಗಳಲ್ಲಿ ನಂಬಿಕೆ ಸಾಲದಾದರೆ ಗುಂಡಿಯನ್ನೊತ್ತದೆ ಸುಮ್ಮನಿರುವ ಸ್ವಾತಂತ್ರ್ಯ ಅದಕ್ಕಿತ್ತು. ಕಡೆಯ ಸುತ್ತಿನ ನಿಯಮ ಏನಾದರೊಂದನ್ನು ಹೇಳಲೇಬೇಕೆಂದು ಒತ್ತಾಯಿಸಿತು. ಅಂದು ತಪ್ಪಿದ್ದು ಯಂತ್ರದ ತಿಳಿವಳಿಕೆಯೇ ಹೊರತು ಅದರ ಸಂಕೋಚವಲ್ಲ.

ಆ ಸಂಕೋಚವನ್ನು ಜನಸಾಮಾನ್ಯರ ಶೋಧಯಂತ್ರಗಳು ಕೈಬಿಟ್ಟುವು. 2012ರ ಮೇ ತಿಂಗಳಲ್ಲಿ ಗೂಗಲ್ ಸಂಸ್ಥೆಯು 50 ಕೋಟಿ ವಸ್ತುವಿಶೇಷಗಳ ಬಗೆಗೆ 350 ಕೋಟಿ ಸಂಗತಿಗಳನ್ನೊಳಗೊಂಡ ‘ನಾಲೆಜ್ ಗ್ರಾಫ್’ ಎಂಬ ಜ್ಞಾನಜಾಲವನ್ನು ಹೊರತಂದಿತು. ಊರಿನ ಜನಸಂಖ್ಯೆ, ಪರ್ವತದ ಎತ್ತರ, ಕವಿಯ ಜನ್ಮದಿನ, ಇಂಥವಕ್ಕೆ ಅದು ಬಹುಮಟ್ಟಿಗೆ ವಿಶ್ವಾಸಾರ್ಹವಾದುದು. ಜಾಲದಲ್ಲಿ ಇಲ್ಲದುದನ್ನು ಕೇಳಿದಾಗ ಯಾವುದೋ ಪುಟದಿಂದ ಒಂದು ವಾಕ್ಯವನ್ನು ಕಿತ್ತು ಎಲ್ಲಕ್ಕೂ ಮೇಲೆ ಚೌಕಟ್ಟಿನಲ್ಲಿ ಮೆರೆಸುವ ಪದ್ಧತಿ 2014ರಲ್ಲಿ ಬಂದಿತು. ಕಷ್ಟ ಆರಂಭವಾದದ್ದು ಅಲ್ಲಿಂದ. ಕನ್ನಡಿಗರು ಇದನ್ನು ಬಲ್ಲರು. ಭಾರತದ ಅತ್ಯಂತ ಕುರೂಪವಾದ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ, 2021ರ ಜೂನಿನಲ್ಲಿ, ಆ ಚೌಕಟ್ಟು ‘ಕನ್ನಡ’ ಎಂದು ಉತ್ತರಿಸಿತು. ನಾಡಿನಾದ್ಯಂತ ಕೋಪ ಕೆರಳಿ, ಅಂದಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿಯವರು ನೋಟೀಸು ಕೊಡುವುದಾಗಿ ಹೇಳಿದ ದಿನವೇ ಸಂಸ್ಥೆಯು ಕ್ಷಮೆ ಕೇಳಿ ಆ ಉತ್ತರವನ್ನು ತೆಗೆದುಹಾಕಿತು. ಅವಮಾನದ ಮಾತು ಒತ್ತಟ್ಟಿಗಿರಲಿ. ಯಂತ್ರದ ಒಳಗೆ ನಡೆದುದೇನೆಂಬುದು ವಿಚಾರಾರ್ಹ. ಭಾಷೆಗೆ ಕುರೂಪವೆಂಬುದೇ ಇಲ್ಲವಾದ್ದರಿಂದ ವಿವೇಕವುಳ್ಳ ಯಾವ ಲೇಖಕನೂ ಆ ಪ್ರಶ್ನೆಯನ್ನು ಎತ್ತಿಕೊಂಡು ಉತ್ತರ ಬರೆಯುವುದಿಲ್ಲ. ಬರೆದವನು ಒಬ್ಬ ಅವಿವೇಕಿ. ಪ್ರಶ್ನೆಯ ಪದಗಳಿಗೆ ಪದಶಃ ಹೊಂದಿದ ವಾಕ್ಯ ಅವನದೊಂದೇ ಆದ ಕಾರಣ, ಪ್ರತಿಸ್ಪರ್ಧಿಗಳಿಲ್ಲದ ಆ ವಾಕ್ಯವೇ ಸಿಂಹಾಸನವನ್ನೇರಿತು. ಪ್ರಶ್ನೆ ಎಷ್ಟು ಅಸಂಬದ್ಧವೋ ಉತ್ತರ ಅಷ್ಟು ನಿಶ್ಚಿತ! 2022ರಲ್ಲಿ ಇದೇ ಸಂಸ್ಥೆಯು, ಸ್ನೂಪಿ ಎಂಬ ಚಿತ್ರಕಥೆಯ ನಾಯಿ ಲಿಂಕನ್ನನನ್ನು ಕೊಂದದ್ದು ಯಾವಾಗ ಎಂಬಂಥ ಹುಸಿ ಆಧಾರದ ಪ್ರಶ್ನೆಗಳಿಗೆ ಚೌಕಟ್ಟು ತೋರಿಸುವುದನ್ನು ನೂರಕ್ಕೆ 40ರಷ್ಟು ಇಳಿಸಿದ್ದೇವೆಂದು ಪ್ರಕಟಿಸಿತು. ಮಿಕ್ಕ ಅರುವತ್ತು ಉಳಿದೇ ಇತ್ತೆಂದು ಅದರಿಂದಲೇ ತಿಳಿಯಬಹುದು.

ಈ ನಡುವೆ ವಿದ್ವಾಂಸರ ಕೋಣೆಯಲ್ಲಿ ವಾಚನವಿದ್ಯೆ ಅದ್ಭುತವಾಗಿ ಬೆಳೆಯಿತು. ಸ್ಟ್ಯಾನ್‌ಫರ್ಡಿನವರು 2016ರಲ್ಲಿ ಪ್ರಕಟಿಸಿದ ‘ಸ್ಕ್ವಾಡ್’ ಎಂಬ ಒಂದು ಲಕ್ಷಕ್ಕೂ ಮಿಕ್ಕ ಪ್ರಶ್ನೆಗಳ ಸಂಚಯದಲ್ಲಿ, ಕೊಟ್ಟ ಗದ್ಯಖಂಡದಿಂದ ಉತ್ತರವನ್ನು ಆಯ್ದುಕೊಡುವ ಯಂತ್ರಗಳು ಎರಡೇ ವರ್ಷಗಳಲ್ಲಿ ಮನುಷ್ಯರ ಅಂಕಗಳನ್ನು ಮುಟ್ಟಿದುವು. ಆದರೆ 2017ರಲ್ಲಿ ಜಿಯಾ ಮತ್ತು ಲಿಯಾಂಗ್ ಎಂಬವರು ಗದ್ಯಖಂಡದ ಕೊನೆಗೆ ಅಪ್ರಸ್ತುತವಾದ ಒಂದು ವಾಕ್ಯವನ್ನು ಅಂಟಿಸಿ ನೋಡಲಾಗಿ ಹದಿನಾರು ಯಂತ್ರಗಳ ಸರಾಸರಿ 75ರಿಂದ 36ಕ್ಕೆ ಕುಸಿಯಿತು. ಮರುವರ್ಷ ಸ್ಟ್ಯಾನ್‌ಫರ್ಡಿನವರೇ ಉತ್ತರವಿಲ್ಲದ 50,000ಕ್ಕೂ ಹೆಚ್ಚಿನ ಪ್ರಶ್ನೆಗಳನ್ನು ಬೆರೆಸಿದಾಗ, 86 ಅಂಕ ಪಡೆಯುತ್ತಿದ್ದ ಯಂತ್ರ 66ಕ್ಕೆ ಇಳಿಯಿತು. ‘ಬರ್ಟ್’ ಎಂಬ ಹೊಸ ವಿಧಾನ 2019ರ ಅಕ್ಟೋಬರಿನಲ್ಲಿ ಗೂಗಲ್ ಶೋಧಕ್ಕೆ ಸೇರಿದ ಮೇಲೆ, ಬ್ರೆಜಿಲಿನಿಂದ ಅಮೆರಿಕಕ್ಕೆ ಹೋಗುವವನ ವೀಸಾದ ಪ್ರಶ್ನೆಗೆ ಅಮೆರಿಕದಿಂದ ಬ್ರೆಜಿಲಿಗೆ ಹೋಗುವವನ ಉತ್ತರವನ್ನು ಕೊಡುವಂಥ ಹಳೆಯ ಪ್ರಮಾದಗಳು ತಗ್ಗಿದುವೆಂಬುದು ನಿಜ.

2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿಯು ಆಕರದಿಂದ ವಾಕ್ಯವನ್ನು ಕೀಳುವುದನ್ನೂ ಬಿಟ್ಟು ತಾನೇ ವಾಕ್ಯವನ್ನು ರಚಿಸಲಾರಂಭಿಸಿತು. ಅದಕ್ಕೆ ಪ್ರತಿಯಾಗಿ ಗೂಗಲ್ ತಂದ ‘ಬಾರ್ಡ್’, 2023ರ ಫೆಬ್ರವರಿಯ ತನ್ನ ಜಾಹೀರಾತಿನಲ್ಲಿಯೇ, ಸೌರವ್ಯೂಹದಾಚೆಯ ಗ್ರಹದ ಮೊದಲ ಚಿತ್ರವನ್ನು ತೆಗೆದದ್ದು ಜೇಮ್ಸ್ ವೆಬ್ ದೂರದರ್ಶಕವೆಂದು ನುಡಿಯಿತು; ಅಂಥ ಚಿತ್ರವನ್ನು ಚಿಲಿ ದೇಶದ ದೂರದರ್ಶಕವೊಂದು 2004ರಲ್ಲಿಯೇ ತೆಗೆದಿತ್ತು. ಒಂದು ವಾಕ್ಯದ ಬೆಲೆ, ಒಂದೇ ದಿನದಲ್ಲಿ, ಮಾತೃಸಂಸ್ಥೆಯ ಷೇರುಮೌಲ್ಯದಲ್ಲಿ ಸುಮಾರು ಹತ್ತು ಸಾವಿರ ಕೋಟಿ ಡಾಲರು. 2024ರ ಮೇ ತಿಂಗಳಲ್ಲಿ ಶೋಧದ ನೆತ್ತಿಯ ಮೇಲೆ ಕುಳಿತ ಯಂತ್ರಲಿಖಿತ ಸಾರಾಂಶಗಳು ಪೀಟ್ಜಾದ ಚೀಸು ಜಾರದಂತೆ ಗೋಂದು ಬೆರೆಸಲು ಹೇಳಿದುದೂ, ‘ದಿ ಆನಿಯನ್’ ಎಂಬ ವಿಡಂಬನ ಪತ್ರಿಕೆಯ ಹಾಸ್ಯವನ್ನು ನಂಬಿ ದಿನಕ್ಕೊಂದು ಕಲ್ಲು ತಿನ್ನಲು ಉಪದೇಶಿಸಿದುದೂ ಸರ್ವವಿದಿತ. ಅದೇ ವರ್ಷದ ಕೊನೆಯಲ್ಲಿ ಓಪನ್‌ಎಐ ಸಂಸ್ಥೆ ಪ್ರಕಟಿಸಿದ ‘ಸಿಂಪಲ್‌ಕ್ಯೂಎ’ ಎಂಬ 4,326 ಕಿರುಪ್ರಶ್ನೆಗಳ ಪರೀಕ್ಷೆ, ಬೇಕೆಂದೇ ಕಠಿನವಾದುವನ್ನು ಆರಿಸಿದುದಾದರೂ, ಶೋಧದ ನೆರವಿಲ್ಲದೆ ಉತ್ತರಿಸಿದ ಆ ಸಂಸ್ಥೆಯದೇ ಜಿಪಿಟಿ-4ಒ ಅದರಲ್ಲಿ ನೂರಕ್ಕೆ 40ನ್ನೂ ಮುಟ್ಟಲಿಲ್ಲ. ಸರಿ, ತಪ್ಪು ಎಂಬ ಎರಡು ಅಂಕಣಗಳ ಜೊತೆಗೆ ‘ಉತ್ತರಿಸಲು ಯತ್ನಿಸಲಿಲ್ಲ’ ಎಂಬ ಮೂರನೆಯ ಅಂಕಣವನ್ನು ಅದರಲ್ಲಿ ಇರಿಸಿರುವುದು, 2001ರಲ್ಲಿ ಟ್ರೆಕ್ಕಿನವರು ಕಂಡುಕೊಂಡದ್ದನ್ನು ಮತ್ತೆ ಕಂಡುಕೊಂಡ ಹಾಗೆ.

ಕನ್ನಡದಲ್ಲಿ ಕೇಳುವವನ ಸ್ಥಿತಿ ಬೇರೆ. 2020ರಲ್ಲಿ ಹನ್ನೊಂದು ಭಾಷೆಗಳಿಗಾಗಿ ಗೂಗಲಿನವರು ಸಿದ್ಧಪಡಿಸಿದ ‘ಟೈಡಿ’ ಎಂಬ ಪ್ರಶ್ನಸಂಚಯದಲ್ಲಿ ಬಂಗಾಳಿಯೂ ತೆಲುಗೂ ಇವೆ, ಕನ್ನಡವಿಲ್ಲ. ಇಂಗ್ಲಿಷ್ ವಿಕಿಪೀಡಿಯದ ಲೇಖನಗಳು 65 ಲಕ್ಷವನ್ನು ದಾಟಿರುವಾಗ ಕನ್ನಡದವು ಮೂವತ್ತು ಸಾವಿರಕ್ಕೆ ತುಸು ಮೇಲೆ. ಆದುದರಿಂದ ಕನ್ನಡದಲ್ಲಿ ಕೇಳಿದ ಎಷ್ಟೋ ಪ್ರಶ್ನೆಗಳಿಗೆ ಕನ್ನಡದ ಆಕರಗಳಲ್ಲಿ ಉತ್ತರವೇ ಇರುವುದಿಲ್ಲ, ಇದ್ದರೂ ಸರಿಯೆ ಎಂದು ತಾಳೆನೋಡಲು ಎರಡನೆಯ ಪುಟ ಇರುವುದಿಲ್ಲ. ಮದರಾಸಿನ ಐಐಟಿಯ ‘ಎಐ4ಭಾರತ್’ ತಂಡದವರು ರಚಿಸಿದ ‘ಇಂಡಿಕ್‌ಕ್ಯೂಎ’ ಎಂಬ ಪರೀಕ್ಷಾಸಂಚಯದಲ್ಲಿ ಕನ್ನಡಕ್ಕೂ ಸ್ಥಾನ ದೊರೆತಿದೆ. ಕೊಟ್ಟ ಗದ್ಯದಲ್ಲಿ ಉತ್ತರವಿಲ್ಲದ ಪ್ರಶ್ನೆಗಳನ್ನೂ ಅವರು ಅದರಲ್ಲಿ ಸೇರಿಸಿದ್ದಾರೆ.