ಹೊಣೆಯಿಂದ ವಾರಂಟಿಯವರೆಗೆ

'ವಾರಂಟಿ' ಎಂಬ ಪದ ಇಂದು ಮಿಕ್ಸಿ ಅಂಗಡಿಯಿಂದ ಮೋಟಾರ್ ಸೈಕಲ್ ಷೋರೂಮಿನವರೆಗೆ ಎಲ್ಲೆಡೆ ಕೇಳಿಬರುತ್ತದೆ. ಇದೂ 'ಗ್ಯಾರಂಟಿ'ಯೂ ಹಳೆಯ ಫ್ರೆಂಚ್ ಭಾಷೆಯ ಒಂದೇ ಮೂಲದಿಂದ ಬಂದ ಅವಳಿ ಪದಗಳು. ಒಂದು ಪ್ರಾಂತದವರು ಆ ಪದವನ್ನು 'ವ'ಕಾರದಿಂದಲೂ ಇನ್ನೊಂದು ಪ್ರಾಂತದವರು 'ಗ'ಕಾರದಿಂದಲೂ ಉಚ್ಚರಿಸಿದರು. ಇಂಗ್ಲಿಷ್ ಎರಡನ್ನೂ ಇಟ್ಟುಕೊಂಡಿತು. ನಮ್ಮಲ್ಲಿ 'ಖಾತರಿ', 'ಜಾಮೀನು' ಎಂಬ ಮಾತುಗಳು ಆಡಳಿತದ ಭಾಷೆಯ ಮೂಲಕ ಬಂದವು. ಇವೆಲ್ಲಕ್ಕಿಂತ ಮೊದಲೇ ಅಚ್ಚಗನ್ನಡದಲ್ಲಿ 'ಹೊಣೆ' ಎಂಬ ಪದವಿತ್ತು. ಈ ಲೇಖನದ ವಿಷಯವೂ ಅದೇ: ಮಾರಿದ ವಸ್ತು ಕೆಟ್ಟರೆ ಹೊಣೆ ಯಾರದು?

ಪ್ರಶ್ನೆ ಹುಟ್ಟಿದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ತಾಲ್ಲೂಕು ಕೇಂದ್ರವೊಂದರಲ್ಲಿ ನೌಕರಿ, ಊರಿನಿಂದ ಕಚೇರಿಗೆ ಮೂವತ್ತು ಕಿಲೋಮೀಟರು, ಬಸ್ಸಿನ ಅನುಕೂಲ ಅಷ್ಟಕ್ಕಷ್ಟೆ. ಸಾಲ ಮಾಡಿ ಮೋಟಾರ್ ಸೈಕಲ್ ಕೊಳ್ಳಲು ಹೊರಟಾಗ ಷೋರೂಮಿನವರು "ಇನ್ನಷ್ಟು ಹಣ ಸೇರಿಸಿದರೆ ಎರಡು ವರ್ಷ ವಿಸ್ತರಿತ ವಾರಂಟಿ ದೊರೆಯುತ್ತದೆ, ಅದನ್ನೂ ಸಾಲದ ಕಂತಿಗೇ ಸೇರಿಸುತ್ತೇವೆ" ಎಂದರಂತೆ. "ಸಾರ್, ಕೊಳ್ಳಲೋ ಬೇಡವೋ?" ಎಂದು ಕೇಳಿದ. ತಿಂಗಳ ಸಂಬಳವನ್ನು ಎಣಿಸಿ ಖರ್ಚು ಮಾಡುವ ಮನೆಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಇತಿಹಾಸದ ಮೇಷ್ಟರನ್ನು ಕೇಳಿದರೆ ಉತ್ತರ ಸ್ವಲ್ಪ ಹಿಂದಿನಿಂದ ಆರಂಭವಾಗುವುದು ಅನಿವಾರ್ಯ.

1901ರಲ್ಲಿ ಫ್ರೆಂಚ್ ಪುರಾತತ್ವಜ್ಞರು ಇರಾನಿನ ಸೂಸಾ ಎಂಬಲ್ಲಿ ಕಪ್ಪುಕಲ್ಲಿನ ಒಂದು ಶಾಸನಸ್ತಂಭವನ್ನು ಅಗೆದು ತೆಗೆದರು. ಈಗ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿರುವ ಅದು ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಕಾನೂನು ಸಂಹಿತೆ, ಕ್ರಿ.ಪೂ. 18ನೆಯ ಶತಮಾನದ್ದು. 'ಕಣ್ಣಿಗೆ ಕಣ್ಣು' ಎಂಬ ಶಿಕ್ಷೆಗಾಗಿ ನೀವೆಲ್ಲ ಅದನ್ನು ಪಾಠದಲ್ಲಿ ಓದಿದ್ದೀರಿ. ಅದರ 235ನೆಯ ವಿಧಿ ಅಷ್ಟು ಪ್ರಸಿದ್ಧವಲ್ಲ. ದೋಣಿ ಕಟ್ಟುವವನು ದೋಣಿಯನ್ನು ಬಿಗಿಯಾಗಿ ಕಟ್ಟದೆ, ಅದೇ ವರ್ಷದೊಳಗೆ ಅದರ ದೋಷ ಹೊರಬಿದ್ದರೆ, ಅವನೇ ಅದನ್ನು ಬಿಚ್ಚಿ, ಸ್ವಂತ ಖರ್ಚಿನಲ್ಲಿ ಭದ್ರವಾಗಿ ಕಟ್ಟಿ ಒಡೆಯನಿಗೆ ಕೊಡತಕ್ಕದ್ದು ಎಂಬುದು ಅದರ ಸಾರಾಂಶ. ಸುಮಾರು 3,750 ವರ್ಷಗಳ ಹಿಂದೆಯೇ ವಾಹನಕ್ಕೆ ಒಂದು ವರ್ಷದ ವಾರಂಟಿ! ಅದಕ್ಕೆ ಬೇರೆ ಹಣವಿರಲಿಲ್ಲ ಎಂಬುದನ್ನು ಗಮನಿಸಬೇಕು. ಕಟ್ಟಿದವನ ಕೈಕೆಲಸಕ್ಕೆ ಕಟ್ಟಿದವನೇ ಹೊಣೆ.

ನಮ್ಮ ಪ್ರಾಚೀನ ಗ್ರಂಥಗಳೂ ಈ ವಿಷಯವನ್ನು ಕೈಬಿಟ್ಟಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ 'ಅನುಶಯ', ಅಂದರೆ ಕೊಟ್ಟು ಕೊಂಡ ಮೇಲೆ ಮನಸ್ಸು ಬದಲಾಯಿಸುವುದಕ್ಕೆ, ಅವಧಿಗಳನ್ನು ಹೇಳಿದೆ: ವರ್ತಕರಿಗೆ ಒಂದು ರಾತ್ರಿ, ಕೃಷಿಕರಿಗೆ ಮೂರು, ಗೋಪಾಲಕರಿಗೆ ಐದು. ನಾರದಸ್ಮೃತಿ ವಸ್ತುವಿಗೆ ತಕ್ಕಂತೆ ಪರೀಕ್ಷೆಯ ದಿನಗಳನ್ನು ಗೊತ್ತುಮಾಡುತ್ತದೆ. ಕರೆಯುವ ಹಸುವಿಗೆ ಮೂರು ದಿನ, ಹೊರೆ ಎಳೆಯುವ ಪಶುವಿಗೆ ಐದು ದಿನ, ಕಬ್ಬಿಣಕ್ಕೂ ಬಟ್ಟೆಗೂ ಒಂದೇ ದಿನ. ಮೋಟಾರ್ ಸೈಕಲ್ಲನ್ನು ಎತ್ತೆಂದು ಎಣಿಸಿದರೆ ಐದು ದಿನ, ಕಬ್ಬಿಣವೆಂದು ಎಣಿಸಿದರೆ ಒಂದು ದಿನ!

ಆದರೆ ಜಾತ್ರೆಯ ಬಯಲಿನಲ್ಲಿ ನಡೆಯುತ್ತಿದ್ದುದೇ ಬೇರೆ. ದನದ ಜಾತ್ರೆಯಲ್ಲಿ ಹಿರಿಯರು ಎತ್ತಿನ ಹಲ್ಲು ಎಣಿಸುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಆಮೇಲೆ ದಳ್ಳಾಳಿಯೊಡನೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಿದ್ದರು. ಹಗ್ಗ ಕೈಬದಲಾದ ಮೇಲೆ ಎತ್ತು ಕುಂಟಿದರೆ ಅದು ಕೊಂಡವನ ಹಣೆಬರಹ. ಇಂಗ್ಲೆಂಡಿನ ಕಾನೂನು ಬಹುಕಾಲ ಇದನ್ನೇ 'ಕೊಳ್ಳುವವನೇ ಎಚ್ಚರವಾಗಿರಲಿ' ಎಂಬ ಸೂತ್ರವಾಗಿ ಹಿಡಿದಿತ್ತು. 1603ರ ಚಾಂಡೆಲರ್-ಲೋಪಸ್ ಮೊಕದ್ದಮೆ ಇದಕ್ಕೆ ಪ್ರಸಿದ್ಧ ಉದಾಹರಣೆ. ನಮ್ಮ ಗೋರೋಚನದಂತೆ ಪ್ರಾಣಿಯ ಹೊಟ್ಟೆಯಲ್ಲಿ ದೊರೆಯುವ, ವಿಷಹಾರಿಯೆಂದು ನಂಬಲಾಗಿದ್ದ 'ಬೆಜೋರ್' ಕಲ್ಲೆಂದು ಹೇಳಿ ಅಕ್ಕಸಾಲಿಗನೊಬ್ಬ ಒಂದು ಕಲ್ಲನ್ನು 100 ಪೌಂಡಿಗೆ ಮಾರಿದ. ಅದು ಬೆಜೋರ್ ಆಗಿರಲಿಲ್ಲ. ಆದರೂ ಕೊಂಡವನು ಸೋತ. "ಇದು ಬೆಜೋರ್" ಎಂದು ಹೇಳಿದ ಮಾತ್ರಕ್ಕೆ ಸಾಲದು, "ಇದಕ್ಕೆ ನಾನು ಹೊಣೆ" ಎಂದು ಮಾರುವವನು ಮಾತು ಕೊಟ್ಟಿರಬೇಕು ಎಂದಿತು ನ್ಯಾಯಾಲಯ. ಹೊಗಳಿಕೆ ಬೇರೆ, ಹೊಣೆ ಬೇರೆ. ಷೋರೂಮಿಗೆ ಹೋಗುವವರು ಈ ವ್ಯತ್ಯಾಸವನ್ನು ಇಂದಿಗೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಭಾರತದಲ್ಲಿ 1930ರ ಸರಕು ಮಾರಾಟ ಕಾಯಿದೆ ಈ ಸೂತ್ರವನ್ನು ಉಳಿಸಿಕೊಂಡೂ ಸಡಿಲಿಸಿತು. ಅದರ 12ನೆಯ ಕಲಮು ಕರಾರಿನ ಜೀವಾಳವಾದ 'ಷರತ್ತು' ಬೇರೆ, ಅದಕ್ಕೆ ಪೂರಕವಾದ 'ವಾರಂಟಿ' ಬೇರೆ ಎಂದು ವಿಂಗಡಿಸುತ್ತದೆ. ಷರತ್ತು ಮುರಿದರೆ ವಸ್ತುವನ್ನೇ ನಿರಾಕರಿಸಬಹುದು; ವಾರಂಟಿ ಮುರಿದರೆ ನಷ್ಟಪರಿಹಾರ ಮಾತ್ರ ಕೇಳಬಹುದು. ಕಾಯಿದೆಯೇನೋ ಇತ್ತು, ಆದರೆ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತುವ ಶಕ್ತಿ ಎಷ್ಟು ಮಂದಿಗಿತ್ತು?

ಅಮೆರಿಕದಲ್ಲಿ ಈ ನಡುವೆ ವಿಚಿತ್ರವೊಂದು ನಡೆಯಿತು. 1955ರಲ್ಲಿ ಹೆನಿಂಗ್‌ಸನ್ ಎಂಬವರು ಹೊಸ ಪ್ಲಿಮತ್ ಕಾರು ಕೊಂಡರು. ಹತ್ತೇ ದಿನಗಳಲ್ಲಿ, 468 ಮೈಲಿ ಓಡಿದ್ದಾಗ, ಸ್ಟಿಯರಿಂಗ್ ಕೈಕೊಟ್ಟು ಕಾರು ಗೋಡೆಗೆ ಬಡಿಯಿತು. ಓಡಿಸುತ್ತಿದ್ದ ಅವರ ಪತ್ನಿ ಗಾಯಗೊಂಡರು. ಕಂಪನಿ ತೋರಿಸಿದ್ದು ವಾರಂಟಿಯ ಕಾಗದವನ್ನು. 90 ದಿನ ಅಥವಾ 4,000 ಮೈಲಿಯೊಳಗೆ ಕೆಟ್ಟ ಭಾಗವನ್ನು ಬದಲಿಸಿಕೊಡುವುದಷ್ಟೇ ತನ್ನ ಹೊಣೆ, ಬೇರಾವ ಹೊಣೆಯೂ ಇಲ್ಲ ಎಂದು ಅದರಲ್ಲಿ ಸಣ್ಣಕ್ಷರದಲ್ಲಿತ್ತು. ಹೊಣೆ ಹೊರಲು ಹುಟ್ಟಿದ ಕಾಗದವೇ ಹೊಣೆಯಿಂದ ನುಣುಚಿಕೊಳ್ಳುವ ಸಾಧನವಾಗಿತ್ತು! 1960ರಲ್ಲಿ ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ ಆ ಷರತ್ತನ್ನು ತಳ್ಳಿಹಾಕಿತು. ಮುಂದೆ ಪೈಪೋಟಿ ಬೆಳೆದು, 1963ರ ಮಾದರಿಗಳಿಗೆ ಕ್ರೈಸ್ಲರ್ ಕಂಪನಿ ಎಂಜಿನ್ ಮೊದಲಾದ ಭಾಗಗಳ ಮೇಲೆ ಐದು ವರ್ಷ ಅಥವಾ 50,000 ಮೈಲಿಯ ವಾರಂಟಿ ಘೋಷಿಸಿತು. 1975ರ ಅಲ್ಲಿನ ವಾರಂಟಿ ಕಾಯಿದೆ ಇನ್ನೊಂದು ಗೆರೆ ಎಳೆಯಿತು. ವಸ್ತುವಿನ ಬೆಲೆಯಲ್ಲೇ ಸೇರಿ ಬರುವುದು ವಾರಂಟಿ; ಬೇರೆ ಹಣ ಕೊಟ್ಟು ಪಡೆಯುವುದು ಸೇವಾ ಕರಾರು. ನಮ್ಮ ಷೋರೂಮುಗಳಲ್ಲಿ 'ವಿಸ್ತರಿತ ವಾರಂಟಿ' ಎನ್ನುವುದು ಈ ಎರಡನೆಯ ಜಾತಿಗೆ ಸೇರಿದ್ದು. ಮೊದಲನೆಯದು ತಯಾರಕನ ಮಾತು. ಎರಡನೆಯದು ಮಾರಾಟದ ಇನ್ನೊಂದು ಸರಕು.

ನಮ್ಮ ಮೈಸೂರಿಗೂ ಈ ಕಥೆಯಲ್ಲಿ ಪಾತ್ರವುಂಟು. 1961ರಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಮೋಟಾರ್ ಸೈಕಲ್ಲುಗಳು ಹೊರಬರತೊಡಗಿದವು. ಅವೇ ಮುಂದೆ ಯೆಜ್ದಿ ಎಂದು ಹೆಸರಾದವು. ಲೈಸೆನ್ಸ್ ರಾಜ್ಯದ ಆ ದಿನಗಳಲ್ಲಿ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಗಾಡಿ ಸಿಕ್ಕುವುದೇ ಭಾಗ್ಯವಾಗಿದ್ದಾಗ ವಾರಂಟಿಯ ಬಗ್ಗೆ ಚೌಕಾಸಿ ಮಾಡುವವರಾರು? 1980ರ ದಶಕದ ಮಧ್ಯದಲ್ಲಿ ಜಪಾನಿ ಕಂಪನಿಗಳ ಸಹಯೋಗದಲ್ಲಿ ಹೀರೋ ಹೋಂಡಾ ಮುಂತಾದ ಹಗುರ ಗಾಡಿಗಳು ಬಂದು ಪೈಪೋಟಿ ಆರಂಭವಾಯಿತು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಆದರೆ ಗಾಡಿಗಳು ನಿಲ್ಲಲಿಲ್ಲ. ಅದರ ಪ್ರತಿಯೊಂದು ನಟ್ಟನ್ನೂ ಬಲ್ಲ ಮೆಕ್ಯಾನಿಕ್ಕುಗಳು ಅವನ್ನು ದಶಕಗಳ ಕಾಲ ಓಡಿಸಿದರು. ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟರ ಜಾವಾಕ್ಕೆ ಬೀದಿಯ ಮೂಲೆಯ ಗ್ಯಾರೇಜೇ ಖಾತರಿಯಾಗಿತ್ತು. ಕಾರ್ಬ್ಯುರೇಟರ್ ಕಟ್ಟಿಕೊಂಡರೆ ಪೆಟ್ರೋಲಿನಲ್ಲಿ ತೊಳೆದು, ಊದಿ, ಬಟ್ಟೆಯಲ್ಲಿ ಒರೆಸಿ ಕೂರಿಸಿದರೆ ಆಯಿತು.

ಆ ಕಾಲ ಈಗಿಲ್ಲ. 2019ರಿಂದ 125 ಸಿ.ಸಿ.ಗಿಂತ ದೊಡ್ಡ ಗಾಡಿಗಳಿಗೆ ಎಬಿಎಸ್ ಬ್ರೇಕು ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದು, ಕಾರ್ಬ್ಯುರೇಟರಿನ ಜಾಗಕ್ಕೆ ಇಂಧನವನ್ನು ಚಿಮ್ಮಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂತು. ಅದನ್ನು ನಡೆಸುವ ಪುಟ್ಟ ಗಣಕದ ಪೆಟ್ಟಿಗೆ, ಅಂದರೆ ಇಸಿಯು, ಕೆಟ್ಟರೆ ಊದಿ ಒರೆಸಿದರೆ ಆಗದು. ಸಾಮಾನ್ಯವಾಗಿ ಬದಲಿಸಲೇಬೇಕು, ಬೆಲೆಯೂ ಹೆಚ್ಚು. ಮೂಲೆಯ ಗ್ಯಾರೇಜಿನ ಖಾತರಿ ದುರ್ಬಲವಾದಷ್ಟೂ ಕಾಗದದ ವಾರಂಟಿಯ ಆಕರ್ಷಣೆ ಹೆಚ್ಚಿತು.

ಹಾಗಾದರೆ ಕೊಳ್ಳಬೇಕೆ? ಮೂಲ ನ್ಯಾಯ ಇಷ್ಟು. ಇದೊಂದು ಬಗೆಯ ವಿಮೆ. ಕೊಂಡವರೆಲ್ಲರ ಹಣದಿಂದ ಕೆಲವರ ರಿಪೇರಿ ನಡೆದು, ಡೀಲರಿನ ಕಮಿಷನ್ನೂ ಕಂಪನಿಯ ಲಾಭವೂ ಅದರಲ್ಲೇ ಹುಟ್ಟಬೇಕು. ಆದುದರಿಂದ ಸರಾಸರಿಯಲ್ಲಿ ಕೊಂಡವರಿಗೆ ನಷ್ಟವೇ. ಜೊತೆಗೆ, ಯಂತ್ರಗಳು ಹೆಚ್ಚಾಗಿ ಕೆಡುವುದು ಎರಡು ಸಂದರ್ಭಗಳಲ್ಲಿ: ತಯಾರಿಕೆಯ ದೋಷವಿದ್ದರೆ ಹೊಸದರಲ್ಲಿ, ಸವೆತದಿಂದ ಮುದಿತನದಲ್ಲಿ. ಹೊಸದರ ದೋಷಕ್ಕೆ ಮೂಲ ವಾರಂಟಿಯೇ ಉಂಟು. ಸವೆಯುವ ಚೈನು, ಬ್ರೇಕ್ ಪ್ಯಾಡು, ಕ್ಲಚ್ ಪ್ಲೇಟು, ಟೈರುಗಳನ್ನು ವಿಸ್ತರಿತ ವಾರಂಟಿ ಸಾಮಾನ್ಯವಾಗಿ ಒಳಗೊಳ್ಳುವುದಿಲ್ಲ. ನಡುವಿನ ನೆಮ್ಮದಿಯ ಕಾಲಕ್ಕೇ ನಾವು ಹಣ ಕೊಡುವುದು.

ಎರಡನೆಯದು 'ಯಾವುದು ಮೊದಲೋ ಅದು' ಎಂಬ ಮಾತು. ಮೂಲ ವಾರಂಟಿ ಮೂರು ವರ್ಷ ಅಥವಾ 36,000 ಕಿ.ಮೀ., ವಿಸ್ತರಿಸಿದರೆ ಐದು ವರ್ಷ ಅಥವಾ 60,000 ಕಿ.ಮೀ. ಎಂದು ಇಟ್ಟುಕೊಳ್ಳಿ. ನನ್ನ ಶಿಷ್ಯ ದಿನಕ್ಕೆ 60 ಕಿ.ಮೀ.ಯಂತೆ ವರ್ಷಕ್ಕೆ 300 ದಿನ ಓಡಿಸಿದರೆ 18,000 ಕಿ.ಮೀ. ಮೂಲ ವಾರಂಟಿ ಎರಡೇ ವರ್ಷಕ್ಕೆ ಮುಗಿಯುತ್ತದೆ. ವಿಸ್ತರಣೆ ದೊರೆಯುವುದು ಹದಿನಾರು ತಿಂಗಳು ಮಾತ್ರ. ಮೋಸವೆನ್ನಿಸುತ್ತದೆಯಲ್ಲವೇ? ಆದರೆ ದೂರದ ಲೆಕ್ಕ ಬೇರೆ ಹೇಳುತ್ತದೆ. ಅವನ 24,000 ಕಿ.ಮೀ. ಓಟಕ್ಕೆ ರಕ್ಷಣೆ ಸಿಗುತ್ತದೆ. ದಿನಕ್ಕೆ 10 ಕಿ.ಮೀ. ಓಡಿಸುವವನಿಗೆ ಪೂರ್ತಿ ಎರಡು ವರ್ಷ ಸಿಕ್ಕರೂ ರಕ್ಷಣೆ ಬರುವುದು 6,000 ಕಿ.ಮೀ.ಗೆ ಮಾತ್ರ. ಆದ್ದರಿಂದ ವರ್ಷಗಳನ್ನು ಎಣಿಸದೆ ಕಿಲೋಮೀಟರುಗಳನ್ನು ಎಣಿಸಬೇಕು.

ಮೂರನೆಯದು ಕಾಗದ. ಇಸಿಯು, ಎಬಿಎಸ್, ಇಂಧನ ಪಂಪು ಪಟ್ಟಿಯಲ್ಲಿವೆಯೇ? ಹೊಣೆ ಹೊತ್ತು ಸಹಿ ಮಾಡುವವರು ತಯಾರಕರೋ, ಬೇರೆ ಸಂಸ್ಥೆಯೋ? ಅಧಿಕೃತ ಸರ್ವೀಸ್ ಕೇಂದ್ರ ಎಷ್ಟು ದೂರ? ಒಂದು ಸರ್ವೀಸ್ ತಪ್ಪಿದರೂ, ವೈರು ಕತ್ತರಿಸಿ ಹೊರಗಿನ ಹಾರನ್ನು ಹಾಕಿಸಿದರೂ ವಾರಂಟಿ ರದ್ದಾಗಬಹುದು. ಗಾಡಿ ಮಾರಿದರೆ ಅದು ಹೊಸ ಒಡೆಯನಿಗೆ ಹೋಗುವುದೇ ಎಂಬುದನ್ನೂ ನೋಡಬೇಕು. ಸಾಲದ ಕಂತಿಗೆ ಸೇರಿಸಿದರೆ ವಾರಂಟಿಯ ಮೇಲೂ ಬಡ್ಡಿ ಬೀಳುತ್ತದೆ. ಹಲವು ಕಂಪನಿಗಳಲ್ಲಿ ಮೂಲ ವಾರಂಟಿ ಮುಗಿಯುವುದರೊಳಗೆ ಆಮೇಲೂ ಕೊಳ್ಳುವ ಅವಕಾಶವುಂಟು. ಮೊದಲ ದಿನದ ಅವಸರ ಅಗತ್ಯವಿಲ್ಲ.

ಶಿಷ್ಯನಿಗೆ ಇಷ್ಟನ್ನೂ ಹೇಳಿ, ಷರತ್ತುಗಳ ಪ್ರತಿ ತರಿಸಿ ಓದಲು ಸೂಚಿಸಿದೆ. ಪಟ್ಟಿಯಲ್ಲಿ ಎಲೆಕ್ಟ್ರಾನಿಕ್ ಭಾಗಗಳಿದ್ದವು. ಸರ್ವೀಸ್ ಕೇಂದ್ರ ಅವನ ಕಚೇರಿಯ ಬೀದಿಯಲ್ಲೇ ಇತ್ತು. ಗಾಡಿ ನಿಂತರೆ ಅವನ ನೌಕರಿಗೆ ತೊಂದರೆ, ಒಂದು ದೊಡ್ಡ ರಿಪೇರಿ ಬಂದರೆ ಆ ತಿಂಗಳ ಮನೆಖರ್ಚಿಗೇ ಕೈಬೀಳುತ್ತದೆ. "ನೀನು ಕೊಳ್ಳಬಹುದು, ಆದರೆ ಸಾಲಕ್ಕೆ ಸೇರಿಸಬೇಡ" ಎಂದೆ. ಹಾಗೆಯೇ ಮಾಡಿದ. ತರಕಾರಿಗೂ ಲೈಬ್ರರಿಗೂ ಹೋಗಿಬರುವ ನನ್ನ ಸ್ಕೂಟರಿಗೆ ಮಾತ್ರ ನಾನು ಅದನ್ನು ಕೊಂಡಿಲ್ಲ. ಅಷ್ಟು ಹಣವನ್ನು ರಿಪೇರಿಗೆಂದು ಬ್ಯಾಂಕಿನಲ್ಲಿ ತೆಗೆದಿರಿಸಿದ್ದೇನೆ. ತಾಳಲಾಗದ ನಷ್ಟಕ್ಕೆ ಮಾತ್ರ ವಿಮೆ ಬೇಕು ಎಂಬ ಒಂದೇ ನ್ಯಾಯದಿಂದ ಬಂದ ಎರಡು ಉತ್ತರಗಳಿವು.

ಕೊನೆಯದಾಗಿ, ವಿಸ್ತರಿತ ವಾರಂಟಿ ಕೊಳ್ಳದವರು ನಿರಾಶ್ರಿತರೇನಲ್ಲ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆ ಜಿಲ್ಲೆಗೊಂದು ಗ್ರಾಹಕ ವೇದಿಕೆಯನ್ನು ತಂದಿತು. ಆ ಕಾಯಿದೆಗೆ ಅಂಕಿತ ಬಿದ್ದ ಡಿಸೆಂಬರ್ 24ನ್ನೇ ನಾವು ರಾಷ್ಟ್ರೀಯ ಗ್ರಾಹಕ ದಿನವೆಂದು ಆಚರಿಸುವುದು. ಅದರ ಬದಲಿಗೆ ಬಂದು 2020ರ ಜುಲೈಯಿಂದ ಜಾರಿಯಾದ 2019ರ ಕಾಯಿದೆ, ದೋಷವಿರುವ ವಸ್ತುವಿನಿಂದ ಹಾನಿಯಾದರೆ ತಯಾರಕನೇ ಹೊಣೆಯೆಂಬುದನ್ನು ಪ್ರತ್ಯೇಕ ಅಧ್ಯಾಯದಲ್ಲಿ ಹೇಳುತ್ತದೆ. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ. ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಕೊಡಬೇಕು. ಆದುದರಿಂದ ಬಿಲ್ಲು, ಸರ್ವೀಸ್ ಪುಸ್ತಕ, ಪ್ರತಿ ಸಲದ ಜಾಬ್ ಕಾರ್ಡುಗಳನ್ನು ಒಂದೇ ಲಕೋಟೆಯಲ್ಲಿ ಜೋಪಾನವಾಗಿಡಿ. ನಿಮ್ಮಲ್ಲಿ ಯಾರಾದರೂ ಇಂಥ ವಾರಂಟಿಯನ್ನು ಬಳಸಿ ರಿಪೇರಿ ಮಾಡಿಸಿಕೊಂಡಿದ್ದರೆ ಅನುಭವವನ್ನು ಬರೆದು ತಿಳಿಸಿ, ಉಳಿದವರಿಗೆ ಉಪಯೋಗವಾದೀತು.