ಶಸ್ತ್ರಶಾಲೆಯ ಸೋಂಕು, ಮನೆಯ ಕೆಂಗಣ್ಣು: ದಾವಣಗೆರೆ–ಹರಿಹರ ಪ್ರಾಂತವನ್ನು ಕುರಿತು ಒಂದು ಚಾರಿತ್ರಿಕ ವಿವೇಚನೆ

ಪೊರೆ ತೆಗೆಸಿಕೊಂಡ ಕಣ್ಣು ಒಳಗೇ ಕೀವುಗಟ್ಟಿ ನಷ್ಟವಾಗುವುದನ್ನೂ, ಮಳೆಗಾಲದಲ್ಲಿ ಮನೆಯ ಒಬ್ಬರಿಗೆ ಕಣ್ಣು ಬಂದು ವಾರ ಕಳೆಯುವುದರೊಳಗೆ ಮಿಕ್ಕವರ ಕಣ್ಣೂ ಕೆಂಪಡರುವುದನ್ನೂ ವೈದ್ಯಗ್ರಂಥಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ವಿವರಿಸುತ್ತವೆ. ಮೊದಲನೆಯದಕ್ಕೆ ಕಾರಣ ಬಹುಮಟ್ಟಿಗೆ ಬ್ಯಾಕ್ಟೀರಿಯಾ, ಎರಡನೆಯದಕ್ಕೆ ವೈರಾಣು. ಆದುದರಿಂದ ಈ ವಿಭಜನೆ ಶಾಸ್ತ್ರದೃಷ್ಟಿಯಿಂದ ಯುಕ್ತವೇ ಸರಿ. ಆದರೆ ನಿವಾರಣೋಪಾಯಗಳ ಇತಿಹಾಸವನ್ನು ಪರಿಶೀಲಿಸುವವರಿಗೆ, ಕೈ, ವಸ್ತ್ರ, ಔಷಧದ ಬಾಟಲಿ ಇವೇ ಎರಡೂ ಕಡೆ ರೋಗವಾಹಕಗಳಾಗಿ ಮತ್ತೆ ಮತ್ತೆ ಎದುರಾಗುವುದರಿಂದ, ಇವೆರಡನ್ನೂ ಒಂದೇ ಚರಿತ್ರೆಯಾಗಿ ಓದದೆ ಗತ್ಯಂತರವಿಲ್ಲ.

ಕನ್ನಡನಾಡಿನ ಮಟ್ಟಿಗೆ ಈ ಚರಿತ್ರೆಯನ್ನು ಡಾ. ಎಂ. ಸಿ. ಮೋದಿಯವರಿಂದ ಆರಂಭಿಸುವುದು ಉಚಿತ. 1916ರಲ್ಲಿ ಬೀಳಗಿಯಲ್ಲಿ ಜನಿಸಿ, 1943ರಿಂದ ಊರೂರಿಗೆ ಉಚಿತ ನೇತ್ರಶಿಬಿರಗಳನ್ನು ಕೊಂಡೊಯ್ದು, ಒಂದೇ ದಿನದಲ್ಲಿ 833 ಪೊರೆಯ ಶಸ್ತ್ರಚಿಕಿತ್ಸೆಗಳನ್ನು ನೆರವೇರಿಸಿದವರೆಂದು ಗಿನ್ನೆಸ್ ದಾಖಲೆಯಲ್ಲಿ ಹೆಸರು ಪಡೆದ ಆ ಮಹನೀಯರು, ಆಸ್ಪತ್ರೆಯ ಮುಖವನ್ನೇ ಕಾಣದ ಬಡವರಿಗೆ ದೃಷ್ಟಿಯನ್ನು ಮರಳಿಸಿದರು. ಅಂದಿನ ಶಸ್ತ್ರಕ್ರಮದಲ್ಲಿ ಗಾಯ ದೊಡ್ಡದು; ಆದಕಾರಣ ರೋಗಿಯು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ತಲೆ ಹೊರಳಿಸದೆ, ದಿನಗಟ್ಟಲೆ ಮಲಗಿರಬೇಕಾಗಿತ್ತು; ಆಮೇಲೆ ದಪ್ಪ ಗಾಜಿನ ಕನ್ನಡಕವೇ ಅವನ ಬಾಳಿಗೆ ಆಧಾರ. ಶಾಲೆಯ ಕೊಠಡಿಯನ್ನೋ ಛತ್ರವನ್ನೋ ಎಷ್ಟು ತೊಳೆದರೂ ಶಸ್ತ್ರಶಾಲೆಯ ಶುದ್ಧಿ ಅದಕ್ಕೆ ಬರಲಾರದೆಂಬ ಅರಿವು ಬಲಿತು, 1976ರ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ತರುವಾಯದ ದಶಕಗಳಲ್ಲಿ ಶಸ್ತ್ರಚಿಕಿತ್ಸೆಯು ಕ್ರಮೇಣ ಸ್ಥಿರ ಆಸ್ಪತ್ರೆಗಳಿಗೆ ಸೀಮಿತವಾಗಿ, ಶಿಬಿರವು ತಪಾಸಣೆಗಷ್ಟೇ ಉಳಿಯಿತು. ಇದರಿಂದ ಮೋದಿಯವರ ಕೀರ್ತಿಗೆ ಕುಂದೇನೂ ಇಲ್ಲ. ಆ ಶಿಬಿರಗಳು ಜನರಲ್ಲಿ ಹುಟ್ಟಿಸಿದ ನಂಬಿಕೆ ಇಲ್ಲದಿದ್ದರೆ ಆಸ್ಪತ್ರೆಗಳಿಗೆ ರೋಗಿಗಳು ಬರುತ್ತಿದ್ದರೆಂದು ನನಗೆ ತೋರುವುದಿಲ್ಲ. ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರಲ್ಲಿ ಸ್ಥಾಪಿತವಾದ ಮೇಲೆ, ಚಿಗಟೇರಿ ಮತ್ತು ಬಾಪೂಜಿ ಆಸ್ಪತ್ರೆಗಳು ಈ ಸೀಮೆಗೆ ಬೋಧನೆಯ ನೆಲೆಗಳಾದವು.

ಸೋಂಕು ತಡೆಯ ಸಂಶೋಧನೆಯಲ್ಲಿ ನಿರ್ಣಾಯಕವಾದ ಹೆಜ್ಜೆ ಅತ್ಯಂತ ಸುಲಭಸಾಧ್ಯವಾದ ಒಂದು ದ್ರವದ್ದು. ಶಸ್ತ್ರಕ್ಕೆ ಮುನ್ನ ರೆಪ್ಪೆಯ ಚರ್ಮಕ್ಕೂ ರೆಪ್ಪೆಗೂದಲಿನ ಬುಡಕ್ಕೂ ಕಂದುಬಣ್ಣದ ಪೊವಿಡೋನ್ ಅಯೋಡಿನ್ ಬಳಿದು, ಅದರ ಶೇ. 5ರ ದ್ರಾವಣವನ್ನು ಕಣ್ಣಿನೊಳಕ್ಕೆ ಬಿಟ್ಟು, ಕೆಲವು ನಿಮಿಷ ತಡೆದು ತೊಳೆಯುವ ಕ್ರಮವನ್ನು ಇಂದು ಯಾವ ಆಸ್ಪತ್ರೆಯಲ್ಲಾದರೂ ಕಾಣಬಹುದು. ಇದು ಕಣ್ಣಿನ ಮೇಲಿನ ಬ್ಯಾಕ್ಟೀರಿಯಾಗಳನ್ನು ಗಣನೀಯವಾಗಿ ತಗ್ಗಿಸುವುದೆಂದು ಲಾಸ್ ಏಂಜಲೀಸಿನ ಆಪ್ಟ್, ಐಸೆನ್‌ಬರ್ಗ್ ಮೊದಲಾದವರು 1984ರಲ್ಲಿ ತೋರಿಸಿದರು. 1991ರಲ್ಲಿ ನ್ಯೂಯಾರ್ಕಿನ ಸ್ಪೀಕರ್ ಮತ್ತು ಮೆನಿಕಾಫ್, ಕೆಲವು ಶಸ್ತ್ರಕೊಠಡಿಗಳಲ್ಲಿ ಅಯೋಡಿನನ್ನೂ ಉಳಿದವುಗಳಲ್ಲಿ ಹಳೆಯ ಬೆಳ್ಳಿಯ ಔಷಧವನ್ನೂ ಬಳಸಿ ಹೋಲಿಸಿದಾಗ, ಒಳಸೋಂಕಿನ ಪ್ರಮಾಣ ಮೊದಲನೆಯ ಕಡೆ ಶೇ. 0.06, ಎರಡನೆಯ ಕಡೆ ಶೇ. 0.24 ಎಂದು ಕಂಡುಬಂದಿತು. ಮುಂದೆ ಶಸ್ತ್ರದ ಕೊನೆಯಲ್ಲಿ ಕಣ್ಣಿನೊಳಗೇ ಆಂಟಿಬಯೋಟಿಕ್ ಬಿಡುವ ಪದ್ಧತಿಯನ್ನು ಯೂರೋಪಿನ 16,000ಕ್ಕೂ ಮೀರಿದ ರೋಗಿಗಳ ಅಧ್ಯಯನವು 2007ರಲ್ಲಿ ಸಮರ್ಥಿಸಿತು. ನಮ್ಮ ನೆರೆಯ ಮದುರೆಯ ಅರವಿಂದ ಸಂಸ್ಥೆಯು ಆರು ಲಕ್ಷಕ್ಕೂ ಹೆಚ್ಚು ಕಣ್ಣುಗಳ ದಾಖಲೆಯಿಂದ, ಮಾಕ್ಸಿಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ಕಿನ ಇಂಥ ಬಳಕೆಯೊಡನೆ ಒಳಸೋಂಕಿನ ಪ್ರಮಾಣವು ಶೇ. 0.07ರಿಂದ 0.02ಕ್ಕೆ ಇಳಿದುದನ್ನು 2017ರಲ್ಲಿ ಪ್ರಕಟಿಸಿತು.

ವೈರಾಣುವಿನ ಕಥೆಯಾದರೋ ಚಿಕಿತ್ಸಾಲಯಕ್ಕೆ ಹೆಚ್ಚು ಗೌರವ ತರುವಂಥದಲ್ಲ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತಲೆಯೆತ್ತಿದ ಕಾಲಕ್ಕೇ, ಅಮೆರಿಕದ ಹಡಗುಕಟ್ಟೆಗಳಲ್ಲಿ ಕಾರ್ಮಿಕರ ಕಣ್ಣಿಗೆ ಒಂದು ಭಯಂಕರ ಸಾಂಕ್ರಾಮಿಕ ತಗುಲಿತು. ಕಣ್ಣಿಗೆ ಬಿದ್ದ ಲೋಹದ ಚೂರನ್ನು ತೆಗೆಸಿಕೊಳ್ಳಲು ಹೋದವರು ಪ್ರಥಮ ಚಿಕಿತ್ಸೆಯ ಕೋಣೆಯಲ್ಲೇ, ಒಬ್ಬರನ್ನು ಮುಟ್ಟಿದ ಕೈ ಮತ್ತು ಉಪಕರಣಗಳ ಮೂಲಕ, ರೋಗವನ್ನು ಹೊತ್ತು ಮನೆಗೆ ಹೋದರು. ಅದರ ಕಾರಣವಾದ ಎಂಟನೆಯ ಮಾದರಿಯ ಅಡಿನೋವೈರಾಣುವನ್ನು ಯಾವೆಟ್ಸ್ ಮತ್ತು ಸಹಚರರು 1955ರಲ್ಲಿ ಬೇರ್ಪಡಿಸಿದರು. ಲೇತು ಯಂತ್ರಗಳ ನಡುವೆ ದುಡಿದ ಹರಿಹರದಂಥ ಊರಿಗೆ ಈ ಪಾಠ ಪರಕೀಯವಲ್ಲ. 1969ರಲ್ಲಿ ಘಾನಾದಲ್ಲಿ ತೋರಿದ ರಕ್ತಸ್ರಾವದ ಕೆಂಗಣ್ಣು 1971ರಲ್ಲಿ ಭಾರತವನ್ನು ವ್ಯಾಪಿಸಿತು. 2023ರ ಮಳೆಗಾಲದಲ್ಲಿ ಕರ್ನಾಟಕದ ಶಾಲೆಗಳೂ ಹಾಸ್ಟೆಲುಗಳೂ ಮದ್ರಾಸ್ ಐ ಎಂದು ಕರೆಯುವ ಕೆಂಗಣ್ಣನ್ನು ಮತ್ತೆ ಕಂಡವು.

ಈ ರೋಗಕ್ಕೆ ನಿಶ್ಚಿತ ಔಷಧವಿಲ್ಲ. ಅಡಿನೋವೈರಾಣು ಒಣಗಿದ ಮೇಲ್ಮೈಗಳಲ್ಲಿ ವಾರಗಟ್ಟಲೆ ಬದುಕಬಲ್ಲದು. ಆದುದರಿಂದ ಒಂದೇ ಟವೆಲು, ಒಂದೇ ದಿಂಬು, ಅಕ್ಕತಂಗಿಯರು ಹಂಚಿಕೊಳ್ಳುವ ಒಂದೇ ಕಾಡಿಗೆ ಡಬ್ಬಿ ಇವುಗಳ ಮೇಲೆ ನಿರ್ಬಂಧವೇ ಮುಖ್ಯ ಚಿಕಿತ್ಸೆ. ಪೊರೆ ತೆಗೆಸಿಕೊಂಡ ಅಜ್ಜಿಗೆ ಡ್ರಾಪ್ಸ್ ಹಾಕುವ ಸೊಸೆಯು ತನ್ನ ಕೆಂಗಣ್ಣನ್ನು ಸೆರಗಿನಿಂದ ಒರೆಸಿಕೊಂಡ ಕೈಯಿಂದಲೇ ಬಾಟಲಿಯ ಮುಚ್ಚಳ ತೆಗೆದು, ಅದರ ತುದಿಯನ್ನು ರೆಪ್ಪೆಗೆ ತಾಗಿಸುವಾಗ, ಶಸ್ತ್ರಶಾಲೆಯ ಅಷ್ಟೂ ಶುದ್ಧಿಯು ವ್ಯರ್ಥವಾಗುವ ಸಂಭವವುಂಟು. ಮನೆಯಲ್ಲಿ ಯಾರಿಗಾದರೂ ಕಣ್ಣು ಬಂದಿದೆಯೇ ಎಂದು ವಿಚಾರಿಸಿ, ರೋಗಿಗೂ ಅದು ತಗುಲಿದ್ದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದು ಇದೇ ಕಾರಣದಿಂದ.

ದಾವಣಗೆರೆಯ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧಕ್ಕೆ ವಿಷಯವನ್ನು ಅರಸುವಾಗ, ಮನೆಯೊಳಗೆ ಕೆಂಗಣ್ಣು ಹರಡುವುದನ್ನು ತಡೆಯುವ ಈ ಪ್ರಶ್ನೆಯನ್ನು ಎತ್ತಿಕೊಳ್ಳಬೇಕೆಂದು ನನ್ನ ಆಗ್ರಹದ ಸೂಚನೆ. ರೋಗಿಯನ್ನಲ್ಲ, ಮನೆಯನ್ನೇ ಘಟಕವಾಗಿ ಎಣಿಸಿ, ಹರಿಹರದ ಕೆಲವು ಓಣಿಗಳಲ್ಲಿ ಕೆಂಗಣ್ಣು ತೋರಿದ ಕೂಡಲೇ ಅರ್ಧ ಮನೆಗಳಿಗೆ ಪ್ರತ್ಯೇಕ ಟವೆಲು ಮತ್ತು ಸೋಪನ್ನು ಕೊಟ್ಟು ಕ್ರಮವನ್ನು ಕಲಿಸಿ, ಉಳಿದ ಮನೆಗಳಿಗೆ ರೂಢಿಯ ಸಲಹೆಯನ್ನಷ್ಟೇ ಹೇಳಿ, ಎರಡು ವಾರದವರೆಗೆ ಯಾರ ಯಾರ ಕಣ್ಣು ಕೆಂಪಾಯಿತೆಂದು ಬರೆದಿಟ್ಟುಕೊಂಡರೆ ಸಾಕು. ಅದಕ್ಕೆ ಬೆಲೆಬಾಳುವ ಯಂತ್ರವೇನೂ ಬೇಕಿಲ್ಲ, ಟಾರ್ಚು ಮತ್ತು ಒಂದು ನೋಟುಪುಸ್ತಕ ಸಾಲುತ್ತವೆ.